ಕಂಪ್ಯೂಟರ್ ಆಪರೇಟರನ ಹದಿನೇಳು ಅಕ್ಕತಂಗಿಯರು

ನಮ್ಮವ್ವನಿಗೆ ನಾನೊಬ್ಬನೇ ಕೂಸು. ಆದರೂ ಬೆಂಗಳೂರಿನಲ್ಲಿ ನನಗೆ ಹದಿನೇಳು ಜನ ಅಕ್ಕತಂಗಿಯರಿದ್ದಾರೆ! ಗಾಬರಿಯಾಗಬೇಡಿ, ಇದರಲ್ಲಿ ನಮ್ಮಪ್ಪನ ತಪ್ಪೇನೂ ಇಲ್ಲ. ಪಾಪ, ಆತ ಗದಗ ಬಿಟ್ಟರೆ ಹುಬ್ಬಳ್ಳಿ ದಾಟಿದವನಲ್ಲ. ಇದೆಲ್ಲ ನಮ್ಮ ಮ್ಯಾನೇಜರ ಕಾರುಬಾರು.

ಬನಶಂಕರಿಯ ಒಂದು ಕಲ್ಯಾಣ ಮಂಟಪದಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಬುಕಿಂಗ್ ಬರೆದುಕೊಳ್ಳುವುದು, ತಾರೀಖು ತುಂಬುವುದು, ರಸೀದಿ ಕೊಡುವುದು, ನೇಮಕದ ಪತ್ರದಲ್ಲಿರುವುದು ಇಷ್ಟೇ. ಆದರೆ ಇಂಟರ್‌ವ್ಯೂ ದಿನ ಮ್ಯಾನೇಜರು ನನ್ನ ಟೈಪಿಂಗ್ ಸ್ಪೀಡ್ ಕೇಳಲೇ ಇಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಎದ್ದು ನಿಂತ್ಕೊಳ್ಳಿ. ಹಾಂ, ತಿರುಗಿ. ಪಂಚೆ ಉಟ್ರೆ ಜಾರಲ್ಲ ತಾನೆ?" ಎಂದರು. ಬೆಂಗಳೂರಿನಲ್ಲಿ ಕಂಪ್ಯೂಟರನ್ನು ಪಂಚೆ ಉಟ್ಟೇ ನಡೆಸುತ್ತಾರೇನೋ ಎಂದುಕೊಂಡು "ಇಲ್ರಿ ಸರ" ಎಂದೆ. ಕೆಲಸ ಸಿಕ್ಕಿತು.

ಆಮೇಲೆ ಗೊತ್ತಾಯಿತು. ನಮ್ಮ ಮ್ಯಾನೇಜರಿಗೆ ಒಂದು ಕಾಯಿಲೆ. ಮದುವೆಮನೆಯಲ್ಲಿ ಖಾಲಿ ಜಾಗ ಕಂಡರೆ ಅವರಿಗೆ ಜೀವ ತಡೆಯುವುದಿಲ್ಲ. ರಿಸೆಪ್ಷನ್ನಿನಲ್ಲಿ ಮುಂದಿನ ಸಾಲು ಖಾಲಿ ಇದ್ದರೆ ಎಲೆಕ್ಟ್ರಿಷಿಯನ್ನನ್ನೂ ಹೂವಿನವರನ್ನೂ ಹಿಡಿದು ತಂದು ಕೂರಿಸಿ, ನಗಿ ಎನ್ನುತ್ತಾರೆ. ಅವರ ಬುಕಿಂಗ್ ಫಾರಮ್ಮಿನಂಥದ್ದು ಲೋಕದಲ್ಲಿ ಇನ್ನೊಂದು ಇರಲಾರದು. ಬೇರೆ ಛತ್ರದವರು ಎಷ್ಟು ಎಲೆ, ಎಷ್ಟು ರೂಮು ಎಂದು ಕೇಳಿ ಸುಮ್ಮನಾಗುತ್ತಾರೆ. ಇವರದರಲ್ಲಿ ಎರಡು ಕಾಲಂ ಹೆಚ್ಚು. ಒಂದು, ಲಾಜಾಹೋಮದಲ್ಲಿ ಅರಳು ಹಾಕಲು ಹುಡುಗಿಗೆ ಅಣ್ಣನೋ ತಮ್ಮನೋ ಇದ್ದಾರೆಯೇ? ಇನ್ನೊಂದು, ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರಲು ಸೋದರಮಾವ ಇದ್ದಾರೆಯೇ? ಯಾವುದಕ್ಕೇ ಆಗಲಿ "ಇಲ್ಲ" ಎಂದು ಬಿದ್ದರೆ ಆ ಜಾಗ ನನ್ನದು!

"ಕಂಪ್ಯೂಟರ್ ಅವ್ರೇ, ಬನ್ರೀ ಇಲ್ಲಿ," ಎಂದು ಕರೆಯುತ್ತಾರೆ. ನನ್ನನ್ನು ಕಂಪ್ಯೂಟರ್ ಮುಟ್ಟಲು ಬಿಡದ ಆ ಮನುಷ್ಯ ನನ್ನನ್ನು ಕರೆಯುವುದು ಮಾತ್ರ ಹಾಗೆ! "ಇದು ನಿಮ್ ಕೆಲ್ಸ ಅಲ್ಲ, ನಂಗೊತ್ತು. ಆದ್ರೂ ಒಂದೈದ್ ನಿಮಿಷ ಅಡ್ಜಸ್ಟ್ ಮಾಡ್ಕೊಂಡ್ಬಿಡಿ."

ಮೊದಲ ಸಲ ಅರಳು ಹಾಕಲು ಹೋದಾಗ ನನಗೆ ಅಳತೆಯೇ ತಿಳಿಯದು. ಮದುಮಗಳ ಬೊಗಸೆಗೆ ಮೊರ ಎತ್ತಿ ಸುರಿದೇಬಿಟ್ಟೆ. "ಸಾಕಪ್ಪಾ, ಸಾಕು! ಚುರುಮುರಿ ಗಾಡಿ ಅಲ್ಲ ಇದು!" ಎಂದು ಪುರೋಹಿತರು ಮಂತ್ರ ನಿಲ್ಲಿಸಿ ಕೂಗಿದರು. ಇನ್ನೊಂದು ಸಲ ನಾನು ಸೋದರಮಾವನಾದೆ, ನನಗಿಂತ ಎರಡು ವರ್ಷ ದೊಡ್ಡವಳಾದ ಮದುಮಗಳಿಗೆ! ಅವಳು ದಾರಿಯುದ್ದಕ್ಕೂ ನಗು ತಡೆದುಕೊಂಡು, ಮಂಟಪ ಮುಟ್ಟಿದ ಮೇಲೆ "ಥ್ಯಾಂಕ್ಸ್ ಮಾಮಾ" ಎಂದಳು.

ಒಮ್ಮೆ ತ್ಯಾಗರಾಜನಗರದ ಮೇಡಂ ಒಬ್ಬರು ಊಟದ ಸಾಲಿನಲ್ಲಿ ನನ್ನನ್ನು ಹಿಡಿದರು. "ನೀವು ಹೋದ್ ತಿಂಗ್ಳು ನಮ್ಮ ಭಾವನ ತಂಗಿ ಮದ್ವೇಲೂ ಅರಳು ಹಾಕಿದ್ರಲ್ವಾ?" ಹಿಂದಿನಿಂದ ಮ್ಯಾನೇಜರ ಧ್ವನಿ ಬಂತು: "ದೊಡ್ಡ ಫ್ಯಾಮಿಲಿ ಮೇಡಂ ಅವ್ರದು. ಸ್ವಲ್ಪ ಪಾಯಸ ಹಾಕಿಸ್ಲಾ?"

ಇಲ್ಲಿಗೇ ಮುಗಿಯಿತು ಎಂದುಕೊಂಡಿರಾ? ಬಾಯಿ ತಪ್ಪಿ ಊರಲ್ಲಿ ಅವ್ವನಿಗೆ ಈ ಸಂಗತಿ ಹೇಳಿಬಿಟ್ಟೆ. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ತವರಿನ ಶೇಂಗಾ, ಎಳ್ಳಿನ ಉಂಡಿ ತಿನ್ನದೆ ಅದು ಹಬ್ಬವೇ ಅಲ್ಲ. ಅವ್ವ ಫೋನಿನಲ್ಲಿ ಕೇಳಿದಳು: "ಅರಳ್ ಹಾಕಿದ ಮ್ಯಾಲೆ ಅಣ್ಣ ಅಂದ್ರ ಅಣ್ಣನ. ಎಷ್ಟ್ ಮಂದಿಗೆ ಉಂಡಿ ಕಟ್ಲೋ ತಮ್ಮಾ?" ಹದಿನೇಳು ಡಬ್ಬಿ ಬಸ್ಸಿಗೆ ಬಂದವು! ಆ ಭಾನುವಾರ ಕುಮಾರಸ್ವಾಮಿ ಲೇಔಟ್, ಜೆ.ಪಿ. ನಗರ, ಜಯನಗರವೆಂದು ಬಸ್ ಹತ್ತಿ ಇಳಿದು ನನ್ನ ಸೊಂಟ ಬಿದ್ದುಹೋಯಿತು. ಆದರೆ ಹೇಳಿಬಿಡುತ್ತೇನೆ, ಒಬ್ಬ ತಂಗಿಯೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಲಿಲ್ಲ.

ಹಾಗೆಂದು ನನಗೆ ಸಿಟ್ಟಿರಲಿಲ್ಲವೆಂದಲ್ಲ. ನನ್ನ ಬುಕಿಂಗ್ ಕೆಲಸವೆಲ್ಲ ರಾಶಿ ಬೀಳುತ್ತಿತ್ತು, ಅದಕ್ಕೆ ಬೈಸಿಕೊಳ್ಳುವವನೂ ನಾನೇ! ಬಿಟಿಎಂನ ರೂಮಿನಲ್ಲಿ ದಿನಾ ಕನ್ನಡಿ ಮುಂದೆ ನಿಂತು "ಇದು ನನ್ನ ಕೆಲಸ ಅಲ್ರಿ ಸರ" ಎಂದು ಪ್ರಾಕ್ಟೀಸ್ ಮಾಡುತ್ತಿದ್ದೆ. "ಇನ್ನೂ ಸ್ವಲ್ಪ ಗತ್ತಲ್ಲಿ ಹೇಳು ಮಗಾ," ಎಂದು ರೂಮ್‌ಮೇಟ್ ತಿದ್ದುತ್ತಿದ್ದ. ಆಫೀಸಿಗೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ಮೇಜಿನ ಡ್ರಾಯರನ್ನು ಬೆರಳಿನಿಂದ ಟಕಟಕ ಬಡಿಯುತ್ತಿದ್ದರು. "ನಿಮ್ ಕನ್ಫರ್ಮೇಷನ್ ಲೆಟರ್ ಇಲ್ಲೇ ಇದೆ ನೋಡಿ." ಎರಡು ವರ್ಷದಿಂದ ಅದು ಅಲ್ಲೇ ಇತ್ತು! ನನ್ನ ವಾಕ್ಯ ಕಾಫಿಯ ಜೊತೆ ಒಳಗೆ ಇಳಿದುಹೋಗುತ್ತಿತ್ತು.

ಹೀಗಿರುವಾಗ ವಸಂತಪುರದಿಂದ ಒಬ್ಬ ಹೆಂಗಸು ಮಗಳ ಮದುವೆಗೆ ಬುಕ್ ಮಾಡಲು ಬಂದರು. ಮ್ಯಾನೇಜರು ಹೊರಗೆ ಹೋಗಿದ್ದರು. ಆಕೆ ಅವರ ಖಾಲಿ ಕುರ್ಚಿಯನ್ನೇ ಸ್ವಲ್ಪ ಹೊತ್ತು ನೋಡಿ, ಫಾರಂ ತುಂಬಿದರು. ಸೋದರಮಾವನ ಕಾಲಮ್ಮಿನಲ್ಲಿ ಹೀಗೆ ಬರೆದಿದ್ದರು: "ಇದ್ದಾರೆ. ಬರ್ತಾರೋ ಇಲ್ವೋ ಗೊತ್ತಿಲ್ಲ."

ಆ ಫಾರಮ್ಮನ್ನು ಮ್ಯಾನೇಜರು ಮೂರು ಸಲ ಓದಿದರು. ಅವತ್ತು ಸಂಜೆಯ ರಿಸೆಪ್ಷನ್ನಿನಲ್ಲಿ ಮುಂದಿನ ಸಾಲು ಪೂರ್ತಿ ಖಾಲಿಯಿತ್ತು, ಅವರು ಯಾರನ್ನೂ ಕೂರಿಸಲಿಲ್ಲ! ಇವರಿಗೆ ಹುಷಾರಿಲ್ಲವೆಂದು ಎಲೆಕ್ಟ್ರಿಷಿಯನ್ ಶುಂಠಿ ಕಷಾಯ ತಂದುಕೊಟ್ಟ.

ಆ ಮದುವೆಯ ದಿನ ಬೆಳಿಗ್ಗೆ ಅವರು ನನ್ನನ್ನು ಪಾತ್ರೆ ಇಡುವ ಸ್ಟೋರ್ ರೂಮಿಗೆ ಕರೆದರು. ಕೈಯಲ್ಲಿ ಸೋದರಮಾವನಿಗೆ ತೊಡಿಸುವ ಪೇಟ ಹಿಡಿದಿದ್ದರು.

"ಕಂಪ್ಯೂಟರ್ ಅವ್ರೇ, ಇದು ನಿಮ್ ಕೆಲ್ಸ ಅಲ್ಲ, ನಂಗೊತ್ತು. ಆದ್ರೂ..."

"ಫಾರಂನ್ಯಾಗ ಸೋದರಮಾವ ಅದಾರಂತ ಬರದಾರಲ್ರಿ ಸರ. ಬಂದಿಲ್ಲೇನ್ರಿ?"

"ಬಂದಿದಾನೆ. ಇಲ್ಲೇ ನಿಂತಿದಾನೆ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ವಸಂತಪುರದ ಹೆಂಗಸು ಅವರ ತಂಗಿ! ಉಳಿದದ್ದನ್ನು ಅವರೇ ಹೇಳಿದರು. ತಂದೆ ಇರಲಿಲ್ಲ, ತಂಗಿಯ ಮದುವೆಗೆ ಓಡಾಡಿದ್ದೆಲ್ಲ ಇವರೊಬ್ಬರೇ. ಕುರ್ಚಿ, ಜನರೇಟರು, ಗಂಡಿನ ಕಡೆಯವರಿಗೆ ಕಾರು, ಎಲ್ಲವೂ. ಅರಳು ಹಾಕುವ ಹೊತ್ತಿಗೆ ಪುರೋಹಿತರು "ಹುಡುಗಿ ಅಣ್ಣ ಎಲ್ಲಿ?" ಎಂದು ಮೂರು ಸಲ ಕೂಗಿದರಂತೆ. ಅಣ್ಣ ಅಡುಗೆಮನೆಯಲ್ಲಿ ಸಾಂಬಾರಿನ ಉಪ್ಪಿನ ವಿಷಯಕ್ಕೆ ಭಟ್ಟರ ಜೊತೆ ಜಗಳವಾಡುತ್ತಿದ್ದರು. ಕೊನೆಗೆ ಗಂಡಿನ ಕಡೆಯ ಯಾರೋ ಹಾಕಿದರು.

"ಬೊಗಸೆ ಹಿಡ್ಕೊಂಡು ಕಾಯ್ತಾನೇ ಇದ್ಲಂತೆ ಕಣ್ರೀ," ಎಂದರು. "'ನನಗಿಂತ ನಿಂಗೆ ಸಾಂಬಾರೇ ದೊಡ್ಡದಾಯ್ತಾ' ಅಂದು ಗಂಡನ್ಮನೆಗೆ ಹೋದ್ಲು. ಮೊದ್ಲು ನಂಗೆ ನಾಚ್ಕೆ ಆಯ್ತು, ಆಮೇಲೆ ಹಠ ಆಯ್ತು. ಇಪ್ಪತ್ತೇಳು ವರ್ಷ ಮಾತಿಲ್ಲ. ಅವತ್ತು ಎಲ್ಲರ ಕೆಲ್ಸಾನೂ ಮಾಡ್ದೆ. ನಂದೊಂದು ಬಿಟ್ಟು."

ಹೊರಗೆ ಪುರೋಹಿತರು ಕೂಗಿದರು: "ಸೋದರಮಾವ ಎಲ್ಲಿ? ಹುಡುಗೀನ ಕರ್ಕೊಂಡ್ ಬನ್ನಿ!"

ಮ್ಯಾನೇಜರು ಪೇಟವನ್ನು ನನ್ನ ಕಡೆ ಚಾಚಿದರು. ಬಡಿಯಲು ಅಲ್ಲಿ ಡ್ರಾಯರ್ ಇರಲಿಲ್ಲ. ಎರಡು ವರ್ಷ ಕನ್ನಡಿ ಮುಂದೆ ಹೇಳಿಕೊಂಡ ಮಾತು ಅವತ್ತು ತಾನಾಗಿಯೇ ಬಾಯಿಗೆ ಬಂತು.

"ಇದು ನನ್ನ ಕೆಲಸ ಅಲ್ರಿ ಸರ. ನಿಮ್ಮದು."

ಅವರ ಕೈಯಿಂದ ಪೇಟ ತೆಗೆದುಕೊಂಡು ಅವರ ತಲೆಗೇ ಇಟ್ಟೆ. ಸ್ವಲ್ಪ ಸೊಟ್ಟಗಾಯಿತು. ಬೆನ್ನಿಗೆ ಕೈ ಕೊಟ್ಟು ಹೊರಕ್ಕೆ ನೂಕಿದೆ. ಮ್ಯಾನೇಜರನ್ನು ಹೀಗೆ ನೂಕಿದ ಕಂಪ್ಯೂಟರ್ ಆಪರೇಟರ್ ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು!

ಮದುಮಗಳ ಕೋಣೆಯ ಬಾಗಿಲಲ್ಲಿ ತಂಗಿ ನಿಂತಿದ್ದರು. ಅಣ್ಣನನ್ನು, ಸೊಟ್ಟ ಪೇಟವನ್ನು ನೋಡಿದರು.

"ಸಾಂಬಾರ್ ಉಪ್ಪು ನೋಡಿ ಆಯ್ತಾ ಅಣ್ಣಾ?" ಎಂದರು.

ನಮ್ಮ ಮ್ಯಾನೇಜರು ಮಗುವಿನ ಹಾಗೆ ಅತ್ತುಬಿಟ್ಟರು. ತಂಗಿ ಪೇಟವನ್ನು ನೆಟ್ಟಗೆ ಮಾಡಿ, ಮಗಳ ಕೈಯನ್ನು ಅವರ ಕೈಯಲ್ಲಿಟ್ಟರು. ಅವರು ಸೊಸೆಯನ್ನು ಕರೆದುಕೊಂಡು ಸಾಲುಗಳ ನಡುವೆ ನಿಧಾನವಾಗಿ ನಡೆದುಹೋದರು. ಅವತ್ತು ಯಾವ ಕುರ್ಚಿ ಖಾಲಿಯಿದೆ ಎಂದು ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ನನಗೂ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ?

ಅಷ್ಟರಲ್ಲಿ ಅಡುಗೆಮನೆಯಿಂದ ಭಟ್ಟರು ಕೂಗಿದರು: "ಮ್ಯಾನೇಜರ್ ಸಾರ್ ಎಲ್ಲಿ? ಸಾಂಬಾರ್ ಉಪ್ಪು ನೋಡ್ಬೇಕು!"

ಓಡಿಹೋಗಿ ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಉಪ್ಪು ತುಸು ಕಡಿಮೆಯೇ ಇತ್ತು. "ಸರಿ ಐತ್ರಿ, ಬಡಸ್ರಿ. ಇವತ್ತೊಂದಿನ ಅವರನ್ನ ಯಾರೂ ಕರೀಬ್ಯಾಡ್ರಿ," ಎಂದು ಹೇಳಿ ಅಡುಗೆಮನೆಯ ಬಾಗಿಲು ಎಳೆದುಕೊಂಡು, ಮದುವೆ ಮುಗಿಯುವವರೆಗೂ ಅದಕ್ಕೆ ಅಡ್ಡಲಾಗಿ ನಿಂತೆ. ಅದು ನನ್ನ ಕೆಲಸವಾಗಿರಲಿಲ್ಲ.