ಬೀರುವಿನ ಮೇಲಿನ ಕನ್ನಡಕ

ಈ ನಾಡಿನ ಗಂಡಸರಿಗೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಬರುವ ಒಂದು ಕಾಯಿಲೆಗೆ ಇನ್ನೂ ಯಾವ ಡಾಕ್ಟರೂ ಹೆಸರಿಟ್ಟಿಲ್ಲ. ಹೊರಗಿದ್ದಾಗ ಹದ್ದಿನ ಕಣ್ಣು. ಒಳಗೆ ಬಂದರೆ ಎಂಜಲು ತಟ್ಟೆ ಕಾಣುವುದಿಲ್ಲ, ತಂತಿಯ ಮೇಲೆ ಒಣಗಿದ ಬಟ್ಟೆ ಕಾಣುವುದಿಲ್ಲ, ಮೂಗಿನ ಮುಂದೆ ಉಕ್ಕುತ್ತಿರುವ ಹಾಲೂ ಕಾಣುವುದಿಲ್ಲ. ಮಿಕ್ಕವರು ಈ ಕಾಯಿಲೆಯನ್ನು ದಾಖಲೆ ಪತ್ರವಿಲ್ಲದೆ ಹೇಗೋ ನಿಭಾಯಿಸುತ್ತಾರೆ. ಜಾವಗಲ್ಲಿನ ಹಾಲಿನ ಡೇರಿಯ ಸೆಕ್ರೆಟರಿ ಇಂದ್ರೇಶನ ಬಳಿ ಮಾತ್ರ ಅದಕ್ಕೆ ಡಾಕ್ಟರ ಚೀಟಿಯೇ ಇತ್ತು: ಎರಡೂ ಕಣ್ಣಿಗೆ ಮೈನಸ್ ಏಳು. (ಸಾವಿರ ಕಣ್ಣಿನ ದೇವೇಂದ್ರನ ಹೆಸರಿಟ್ಟುಕೊಂಡವನಿಗೆ ಇದ್ದ ಎರಡರ ಗತಿ ಇದು.)

ಡೇರಿಯಲ್ಲಿ ಆ ದಪ್ಪ ಗಾಜಿನ ಹಿಂದೆ ಕೂತ ಇಂದ್ರೇಶನನ್ನು ಯಾಮಾರಿಸುವುದು ಯಾರ ಕೈಲೂ ಆಗುತ್ತಿರಲಿಲ್ಲ. ಕ್ಯಾನಿನಿಂದ ಹಾಲು ಬೀಳುವ ಧಾರೆ ನೋಡಿಯೇ, "ಏನ್ಲಾ, ಇವತ್ತು ಕೆರೆ ನೀರಾ, ಬೋರ್‌ವೆಲ್ ನೀರಾ?" ಎಂದು ಕೇಳುವ ಆಸಾಮಿ. ಅದೇ ಆಸಾಮಿ ಸಂಜೆ ಏಳೂವರೆಗೆ ಮನೆಗೆ ಬಂದು, ಕನ್ನಡಕ ತೆಗೆದು ಬೀರುವಿನ ಮೇಲಿಟ್ಟನೆಂದರೆ ಮುಗಿಯಿತು, ಆ ಕ್ಷಣದಿಂದ ಸಂಸಾರಕ್ಕೂ ಅವನಿಗೂ ಸಂಬಂಧವಿಲ್ಲ.

"ರೀ, ಮಳೆ ಬತ್ತೈತೆ, ಬಟ್ಟೆ ಒಳಕ್ಕೆ ತನ್ನಿ."

"ಕನ್ನಡಕ ತೆಗ್ದಿಟ್ಟಿದೀನಿ ಕಣೇ. ಕಾಣಾಕಿಲ್ಲ."

ಇಪ್ಪತ್ತೆರಡು ವರ್ಷ ಈ ಒಂದೇ ವಾಕ್ಯದ ಮೇಲೆ ಅವನ ದಾಂಪತ್ಯ ನಡೆದಿತ್ತು. ಹೆಂಡತಿ ಮಧುಶ್ರೀ ಎದ್ದು ಎರಡು ಹಸು ಕರೆದು, ಅತ್ತೆ ಗಿಡ್ಡಮ್ಮನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟು, ಮುದ್ದೆ ತಿರುವಿಟ್ಟು, ಅಂಗನವಾಡಿಗೆ ಓಡಿ ಇಪ್ಪತ್ತು ಮಕ್ಕಳ ಮೂಗು ಒರೆಸಿ, ಮತ್ತೆ ಬಂದು ಹಸು ಕರೆಯುವವಳು. ಅವಳ ಕಣ್ಣಿಗೆ ಯಾವ ದೋಷವೂ ಇರಲಿಲ್ಲವಾದ್ದರಿಂದ ಎಲ್ಲವೂ ಅವಳಿಗೇ ಕಾಣುತ್ತಿತ್ತು. ಕಂಡವರು ಮಾಡಬೇಕು ಎಂಬುದು ಮನೆಯ ಕಾನೂನು. ಟೀವಿಯಲ್ಲಿ ಕ್ರಿಕೆಟ್ ಇದ್ದ ದಿನ ಮಾತ್ರ ಕನ್ನಡಕ ಬೀರುವಿನ ಮೇಲಿಂದ ತಾನಾಗಿ ಇಳಿದು ಬರುತ್ತಿತ್ತು. ಈ ಪವಾಡವನ್ನೂ ಮಧುಶ್ರೀ ಕಂಡಿದ್ದಳು.

ಇಷ್ಟು ಭದ್ರವಾದ ಕೋಟೆಯನ್ನು ಇಂದ್ರೇಶ ತನ್ನ ಕೈಯಾರೆ ಕೆಡವಿಕೊಂಡದ್ದು ಶೋಕಿಗಾಗಿ. ಹಳೇಬೀಡಿನ ಹೈಸ್ಕೂಲಿನಲ್ಲಿ ತೊಂಬತ್ಮೂರನೇ ಇಸವಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡಿದ್ದರು. ಅದರ ವಾಟ್ಸಾಪ್ ಗುಂಪಿನಲ್ಲಿ, ಈಗ ಬೇಲೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ರಘು ಒಂದು ಪ್ರಶ್ನೆ ಹಾಕಿದ: "ನಮ್ಮ ಸೋಡಾಬುಡ್ಡಿ ಬದುಕವ್ನೇನ್ರಪ್ಪಾ?" ಅದರ ಕೆಳಗೆ ನಲವತ್ತೊಂದು ಜನ ಕಣ್ಣೀರು ಸುರಿಸಿ ನಗುವ ಮುಖ ಒತ್ತಿದರು. ಮೂವತ್ತು ವರ್ಷದ ಗಾಯಕ್ಕೆ ನಲವತ್ತೊಂದು ಚಿಟಿಕೆ ಉಪ್ಪು.

"ಲೆನ್ಸ್ ಹಾಕಿಸ್ಕೊಂತೀನಿ ಕಣೇ," ಎಂದ ಇಂದ್ರೇಶ, ಜಗಳಕ್ಕೆ ಸೊಂಟ ಕಟ್ಟಿಕೊಂಡೇ.

ಮಧುಶ್ರೀ ಮುದ್ದೆ ಕೋಲು ನಿಲ್ಲಿಸಿದಳು. "ಬೆಳಗ್ಗೆ ಹಾಕಿದ್ರೆ ಮಲಗೋಗಂಟ ಕಣ್ಣಲ್ಲೇ ಇರ್ತದಾ?"

"ಹೂಂ."

"ಬೀರು ಮೇಲೆ ಇಡಂಗಿಲ್ಲ?"

"ಅದ್ಹೆಂಗೆ ಇಡಾಕಾಯ್ತದೆ? ಕಣ್ಣೊಳಗೇ ಇರ್ತದೆ."

"ನಾಳೇನೇ ಹಾಕಿಸ್ಕೊಳ್ರಿ."

ಮೊದಲನೇ ಮಾತಿಗೇ ಒಪ್ಪಿದ ಹೆಂಡತಿಯನ್ನು ಕಂಡು ಬುದ್ಧಿವಂತ ಗಂಡ ಬೆಚ್ಚಿಬೀಳಬೇಕು. ಇಂದ್ರೇಶ ಹಿಗ್ಗಿದ. ಮೂಲೆಯಲ್ಲಿದ್ದ ಗಿಡ್ಡಮ್ಮ ಮಾತ್ರ, "ಕಣ್ಣಿಗೆ ಧೂಳು ಬಿದ್ರೆ ಊದಿ ತೆಗೀತಾರೆ ಕಣ್ಲಾ, ನೀನು ಕಾಸು ಕೊಟ್ಟು ಕಸ ಹಾಕ್ಕೊಂತೀಯ?" ಎಂದಳು.

ಮೊದಲ ಪ್ರಯೋಗಕ್ಕೆ ಆರು ವರ್ಷದ ಹಿಂದೆ ಉಚಿತ ಕಣ್ಣು ತಪಾಸಣೆ ಶಿಬಿರದಲ್ಲಿ ಕೊಟ್ಟ ಕನ್ನಡಕದ ಚೀಟಿಯೇ ಸಾಕಾಯಿತು. ಅದೇ ನಂಬರು ಒತ್ತಿ ಮೊಬೈಲಿನಲ್ಲೇ ಲೆನ್ಸ್ ತರಿಸಿದ. (ಅಜ್ಜಿಯ ಅಳತೆ ಕೊಟ್ಟು ಮೊಮ್ಮಗಳಿಗೆ ರವಿಕೆ ಹೊಲಿಸುವ ಜಾತಿ ನಮ್ಮದು.) ಹಾಕಿಕೊಂಡು ಅಂಗಳಕ್ಕೆ ಇಳಿದರೆ ಅಂಗಳ ಒಂದು ಮೊಳ ಕೆಳಗಿತ್ತು, ಹಸು ಎಲ್ಲಿರಬೇಕೋ ಅಲ್ಲಿರಲಿಲ್ಲ, ತಲೆ ಗಿರ್ರೆಂದಿತು. ಜೊತೆಗೆ ಕಣ್ಣುರಿ.

ಹಾಗಾಗಿ ಅರಸೀಕೆರೆಯ ಒಂದು ಕನ್ನಡಕದ ಅಂಗಡಿಗೆ ಹೋದ. ಅಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದವಳು ಸ್ವಾತಿ. "ಕನ್ನಡಕದ ನಂಬರೇ ಬೇರೆ, ಲೆನ್ಸ್ ನಂಬರೇ ಬೇರೆ ಅಂಕಲ್," ಎಂದಳು. (ಗುರುವಂದನೆಗೆ ಹುಡುಗನಾಗಿ ಹೋಗಬೇಕೆಂದಿದ್ದವನಿಗೆ ಅಂಕಲ್!) "ಕನ್ನಡಕ ಕಣ್ಣಿಂದ ಸ್ವಲ್ಪ ದೂರ ಇರುತ್ತೆ, ಇದು ಕಣ್ಣಿನ ಮೇಲೇ ಕೂರುತ್ತೆ. ಗುಡ್ಡೆ ಎಷ್ಟು ಉಬ್ಬಿದೆ ಅಂತಾನೂ ಅಳೀಬೇಕು." ಅಳೆದಳು, ಹೊಸ ನಂಬರು ಬರೆದಳು, ಅವನ ಕೈಯನ್ನು ಸೋಪಿನಲ್ಲಿ ತೊಳೆಸಿ, ಅವನಿಂದಲೇ ಹಾಕಿಸಿದಳು. ಇಂದ್ರೇಶ ಬೀದಿಗೆ ಬಂದು, ಆ ಬದಿಗೆ ನಿಂತ ಬಸ್ಸಿನ ಬೋರ್ಡನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಗಟ್ಟಿಯಾಗಿ ಓದಿದ. ಉರಿಯಿಲ್ಲ, ಚುಚ್ಚಿಲ್ಲ. ಕಣ್ಣಲ್ಲಿ ಏನೋ ಇದೆ ಎಂಬುದೇ ಮರೆತುಹೋಯಿತು.

ಮಾರನೆಯ ದಿನ ಡೇರಿಯ ಬೆಳಗಿನ ಹಾಲು ಮುಗಿಸಿ, ಊಟ ಮಾಡಿ, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು ಬಾಯಿ ಕೆಂಪಗೆ ಮಾಡಿ, ಸಾವಕಾಶವಾಗಿ ಕನ್ನಡಿಯ ಮುಂದೆ ನಿಂತು ಹಾಕಿದರೆ ಮೆಣಸಿನಕಾಯಿ ತಿಕ್ಕಿದ ಉರಿ! ವಾರವಿಡೀ ಅದೇ ಕಥೆ. ಕಂಪನಿ ಬದಲಾಯಿಸಿದ. ಸ್ವಾತಿಯ ಅಂಗಡಿಯಲ್ಲಿ ತಂಪು, ಮನೆಯಲ್ಲಿ ಬೆಂಕಿ. ಮತ್ತೆ ಬದಲಾಯಿಸಿದ. ಒಂದೇ ತಿಂಗಳಲ್ಲಿ ಲೆನ್ಸ್ ಶಾಸ್ತ್ರದಲ್ಲಿ ಪಂಡಿತನಾಗಿ, ಹಾಲು ಹಾಕಲು ಬಂದವರಿಗೆಲ್ಲ ಉಪನ್ಯಾಸ ಕೊಡತೊಡಗಿದ: "ಒಂದು ಕಂಪ್ನಿದು ಮರಳು. ಇನ್ನೊಂದು ಮೆಣಸಿನಕಾಯಿ. ಮೂರನೇದು ಸೀಗೆಪುಡಿ ಕಣ್ರಪ್ಪಾ, ಬರೀ ಸೀಗೆಪುಡಿ!"

ಕೊನೆಗೆ ಅವನ ವೃತ್ತಿಬುದ್ಧಿ ಕೆಲಸ ಮಾಡಿತು. ಸ್ಯಾಂಪಲ್ಲಿಗೆ ಗಟ್ಟಿ ಹಾಲು, ಕ್ಯಾನಿಗೆ ನೀರು ಹಾಲು ತರುವವರನ್ನು ಅವನು ಇಪ್ಪತ್ತು ವರ್ಷದಿಂದ ಹಿಡಿಯುತ್ತ ಬಂದಿದ್ದಾನೆ. ಅಂಗಡಿಯಲ್ಲಿ ಹಾಕಿಸುವ ಲೆನ್ಸ್ ಒಂದು, ಡಬ್ಬಿಯಲ್ಲಿ ಕಟ್ಟಿಕೊಡುವುದು ಇನ್ನೊಂದು! ಸಾಕ್ಷಿಗಿರಲಿ ಎಂದು ಮಧುಶ್ರೀಗೆ ರಜೆ ಹಾಕಿಸಿ ಅರಸೀಕೆರೆಗೆ ಹೊರಟ. ಬಸ್ ಸ್ಟ್ಯಾಂಡಿನ ಎದುರು ತಿಂಡಿ ತಿಂದು, ಯುದ್ಧಕ್ಕೆ ಮುಂಚೆ ಎಲೆಯಡಿಕೆ ಜಗಿದು, ಅಂಗಡಿಗೆ ನುಗ್ಗಿದ.

"ಸ್ಯಾಂಪಲ್ ಒಂದು, ಮಾಲು ಒಂದಾ? ಹಾಲಲ್ಲಿ ನೀರು ಹಿಡಿಯೋನು ಕಣಮ್ಮ ನಾನು! ನನ್ ಕಣ್ಣಿಗೇ ಮಣ್ಣೆರಚ್ತೀಯಾ?"

ಕನ್ನಡಕ ಆರಿಸುತ್ತಿದ್ದ ಗಿರಾಕಿಗಳೆಲ್ಲ ತಿರುಗಿ ನಿಂತರು. ಸ್ವಾತಿಯ ಮುಖ ಕೆಂಪಾಯಿತು. ಅವಳ ಕೆಲಸಕ್ಕೇ ಕುತ್ತು ತರುವ ಮಾತು ಅದು. ಆದರೂ ಅವಳು ದನಿ ಏರಿಸಲಿಲ್ಲ. "ಮನೇಲಿ ಹೆಂಗೆ ಹಾಕ್ಕೊಳ್ತೀರೋ ಹಂಗೇ ಇಲ್ಲೂ ಹಾಕ್ಕೊಂಡು ತೋರ್ಸಿ ಅಂಕಲ್."

"ತೋರ್ಸ್ತೀನಿ. ಎಲ್ರೂ ನೋಡ್ಲಿ!" ಇಂದ್ರೇಶ ತನ್ನ ಡಬ್ಬಿ ಬಿಚ್ಚಿ, ಲೆನ್ಸನ್ನು ತೋರುಬೆರಳ ತುದಿಗೆ ಏರಿಸಿ, ಕಣ್ಣಿನ ಹತ್ತಿರ ತಂದ. ಸ್ವಾತಿ ಗಬಕ್ಕನೆ ಅವನ ಮಣಿಕಟ್ಟು ಹಿಡಿದಳು.

"ಬೆರಳಲ್ಲಿ ಬೆಳ್ಳಗೆ ಏನಿದು?"

ಗಿರಾಕಿಗಳು ಬಗ್ಗಿ ನೋಡಿದರು. ಇಂದ್ರೇಶನೂ ನೋಡಿದ. ಎಲೆಗೆ ಸವರಿ ಉಳಿದದ್ದು, ಉಗುರಿನ ಸಂದಿಯಲ್ಲಿ ಬೆಳ್ಳಗೆ ಕೂತಿತ್ತು.

"ಸುಣ್ಣ," ಎಂದಳು ಮಧುಶ್ರೀ. "ಗೋಡೆಗೆ ಸುಣ್ಣ ಹೊಡೀರಿ ಅಂದ್ರೆ ಹತ್ತು ವರ್ಷದಿಂದ ಗೋಡೆ ಕಾಣಾಕಿಲ್ಲ ಅಂತಿದ್ರಿ. ಕಣ್ಣಿಗೇ ಹೊಡ್ಕೊಂಡಿದೀರಲ್ರೀ!"

ಅಂಗಡಿ ನಕ್ಕಿತು. ನಗದಿದ್ದವಳು ಸ್ವಾತಿ ಒಬ್ಬಳೇ. "ಕಣ್ಣೇ ಹೋಗ್ತಿತ್ತು ಅಂಕಲ್," ಎಂದು ಅವನನ್ನು ಕೂರಿಸಿ, ಯಂತ್ರದಲ್ಲಿ ಕಣ್ಣು ನೋಡಿ, ಏನೂ ಆಗಿಲ್ಲವೆಂದು ಖಚಿತವಾದ ಮೇಲೆಯೇ ಉಸಿರು ಬಿಟ್ಟಳು. ಹತ್ತು ದಿನ ಲೆನ್ಸ್ ಬೇಡ, ಆಮೇಲೆ ಮೊದಲು ಕೊಟ್ಟ ಕಂಪನಿಯದನ್ನೇ ಹೊಸ ಜೊತೆ ಹಾಕಿ, ಎಲೆಯಡಿಕೆ ಏನಿದ್ದರೂ ಲೆನ್ಸ್ ಹಾಕಿದ ಮೇಲೆ ಎಂದಳು. ಹತ್ತು ಜನರ ಮುಂದೆ ಕಳ್ಳಿ ಎಂದವನು ಹತ್ತು ಜನರ ಮುಂದೆ ತಪ್ಪಾಯಿತು ಎಂದನೇ? "ಸರಿ ಬಿಡಮ್ಮ," ಎಂದ. ನಮ್ಮ ಗಂಡಸರ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆ ಇನ್ನೂ ಹುಟ್ಟಿಲ್ಲ. ಉಳಿದದ್ದನ್ನು ಮಧುಶ್ರೀಯೇ ಹಿಂದೆ ನಿಂತು, ಸ್ವಾತಿಯ ಕೈ ಹಿಡಿದು ಹೇಳಿದಳು. ಬಸ್ಸು ತಪ್ಪುವಷ್ಟು ಹೊತ್ತು ಇಬ್ಬರೂ ಅದೇನೋ ಮಾತಾಡಿದರು.

ಗುರುವಂದನೆಯ ದಿನ ಲೆನ್ಸ್ ಬೆಣ್ಣೆಯಂತೆ ಕೂತಿತು. ಇಂದ್ರೇಶ ಇಸ್ತ್ರಿ ಅಂಗಿ ತೊಟ್ಟು, ಬರಿಗಣ್ಣ ಚೆಲುವನಾಗಿ ಹಳೇಬೀಡಿನಲ್ಲಿ ಇಳಿದ. ಒಂದು ನರಪಿಳ್ಳೆಯೂ ಗುರುತು ಹಿಡಿಯಲಿಲ್ಲ. ರಘು ಹತ್ತಿರ ಬಂದು, ಕೈ ಮುಗಿದು, "ಶಾಮಿಯಾನದೋರು ತಾನೇ? ಹಿಂದ್ಗಡೆ ಒಂದು ಹಗ್ಗ ಸಡಿಲ ಆಗೈತೆ ನೋಡಿ," ಎಂದ. ಅರ್ಧ ಗಂಟೆ ಒಬ್ಬನೇ ನಿಂತ ಮೇಲೆ ಇಂದ್ರೇಶನಿಗೆ ತಡೆಯಲಾಗಲಿಲ್ಲ. "ನಾನು ಕಣ್ಲಾ ರಘು... ಸೋಡಾಬುಡ್ಡಿ!" ಎಂದು ಕೂಗಿದ. ಯಾವ ಹೆಸರನ್ನು ಹೂಳಲು ಬಂದಿದ್ದನೋ ಅದನ್ನು ತಾನೇ ಅಗೆದು, ಮೈಕಿನ ಪಕ್ಕದಲ್ಲೇ ಮೇಲೆತ್ತಿದ. ಸಂಜೆಯವರೆಗೂ ಅದೇ ಹೆಸರು.

ಮುಖ ಬಾಡಿಸಿಕೊಂಡು ಮನೆಗೆ ಬಂದವನು ಅಭ್ಯಾಸಬಲದಿಂದ ಬೀರುವಿನ ಮೇಲೆ ಕೈಯಾಡಿಸಿದ. ಕನ್ನಡಕವಿರಲಿಲ್ಲ. ಧೂಳಿತ್ತು, ಕಾಣಿಸಿತು. ಅದರಾಚೆ ಜೇಡರ ಬಲೆ ಕಾಣಿಸಿತು. ನೆಲದ ಮೇಲೆ ಮೊರದ ತುಂಬ ಈರುಳ್ಳಿ, ಪಕ್ಕದಲ್ಲಿ ಈಳಿಗೆಮಣೆ, ಅದರ ಪಕ್ಕದಲ್ಲಿ ಖಾಲಿ ಮಣೆ, ಎಲ್ಲವೂ ಕಾಣಿಸಿತು.

"ಕನ್ನಡಕ ಎಲ್ಲೇ?"

"ಬೀರು ಒಳಗೆ ಭದ್ರವಾಗೈತೆ. ಮಲಗೋವಾಗ ಕೊಡ್ತೀನಿ," ಎಂದು ಮಧುಶ್ರೀ ಸೊಂಟದ ಬೀಗದಕೈ ತಟ್ಟಿದಳು. "ಅತ್ತೆ ತಂಗಿ ಮನೆಯೋರು ಬತ್ತಾವ್ರೆ. ಈರುಳ್ಳಿ ಹೆಚ್ಚಿಕೊಡಿ."

ಇಂದ್ರೇಶ ಕಣ್ಣು ಮುಚ್ಚಿಕೊಂಡು ನರಳಿದ. "ಅಯ್ಯೋ, ಉರೀತೈತೆ ಕಣೇ! ಈ ಬ್ರಾಂಡೂ ಆಗ್ಬರಾಕಿಲ್ಲ. ತೆಗ್ದುಬಿಡ್ತೀನಿ."

"ಅದಕ್ಕೂ ಸ್ವಾತಿ ಉಪಾಯ ಹೇಳವ್ಳೆ. ಲೆನ್ಸ್ ಸರಿಯಾಗಿ ಕೂತಿದ್ರೆ ಈರುಳ್ಳಿ ಘಾಟು ಹತ್ತಾಕಿಲ್ವಂತೆ. ಹೆಚ್ರಿ. ಕಣ್ಣಲ್ಲಿ ನೀರು ಬಂದ್ರೆ ಈಗ್ಲೇ ತೆಗ್ದುಹಾಕಿ, ನಾನೇ ಕನ್ನಡಕ ಕೊಡ್ತೀನಿ."

ಇಂದ್ರೇಶ ಈಳಿಗೆಮಣೆಯ ಮುಂದೆ ಕೂತ. ಒಂದು ಹೆಚ್ಚಿದ, ಎರಡು ಹೆಚ್ಚಿದ, ಹತ್ತು ಹೆಚ್ಚಿದ. ಮುಖವನ್ನು ಈರುಳ್ಳಿಗೆ ತಾಗುವಷ್ಟು ಬಗ್ಗಿಸಿದ. ಕಣ್ಣು ಮಾಘಮಾಸದ ಕೆರೆಯಂತೆ ನಿಶ್ಚಲ. ತಲೆಯೆತ್ತಿದಾಗ ಎದುರಿಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಮಧುಶ್ರೀ ಕಂಡಳು. ಬೆರಳ ತುಂಬ ಹಳೆಯ ಗಾಯದ ಗೀರು, ಕಿವಿಯ ಮೇಲೆ ಬಿಳಿಗೂದಲು.

"ಏನಂಗೆ ನೋಡ್ತೀರ?"

"ಕೂದ್ಲು ಬೆಳ್ಳಗಾಗೈತಲ್ಲೇ."

"ಆರು ವರ್ಷ ಆಯ್ತು. ಬೆರಳು ನೋಡ್ಕೊಂಡು ಹೆಚ್ರಿ."

ಇಂದ್ರೇಶನಿಗೆ ಆಗ ನಿಜಕ್ಕೂ ಅಳಬೇಕೆನಿಸಿತು. ಅವಳಿಗಾಗಿಯೋ, ಕಳೆದುಕೊಂಡ ಇಪ್ಪತ್ತೆರಡು ವರ್ಷದ ನೆಮ್ಮದಿಗಾಗಿಯೋ, ಅವನೇ ಹೇಳಲಾರ. ಆದರೆ ಮೊರದ ಅರ್ಧ ಇನ್ನೂ ಬಾಕಿಯಿತ್ತು, ಕಣ್ಣಿಗೆ ಒಂದು ತೊಟ್ಟೂ ಬರಲಿಲ್ಲ.

ಘಾಟಿಗೆ ಸೆರಗಿನಲ್ಲಿ ಮೂಗು ಕಣ್ಣು ಒರೆಸಿಕೊಳ್ಳುತ್ತ ಮೂಲೆಯಿಂದ ಗಿಡ್ಡಮ್ಮ ಗದರಿದಳು: "ಮನೆಮಂದಿಯೆಲ್ಲ ಅಳ್ತಾವ್ರೆ, ನಿನ್ ಕಣ್ಣಲ್ಲಿ ಒಂದು ತೊಟ್ಟು ನೀರಿಲ್ವಲ್ಲೋ! ನಾಳೆಯಿಂದ ದಿನಾ ನೀನೇ ಹೆಚ್ಲಾ."