ಮಗಳನ್ನು ಹೊಗಳುವ ಪರೀಕ್ಷೆ

ಬೇರೆಯವರ ಮಕ್ಕಳನ್ನು ಹೊಗಳುವುದರಲ್ಲಿ ನಾನು ಎಂದೂ ಜಿಪುಣತನ ಮಾಡಿದವಳಲ್ಲ. ಎದುರು ಮನೆಯ ಕೂಸು ಹೊಸ್ತಿಲು ದಾಟಿದರೆ ಸಾಕು, ಕಾಶಿಗೆ ಹೋಗಿ ಬಂದವರನ್ನು ಹೊಗಳಿದಷ್ಟು ಹೊಗಳಿ, ಕೈಗೊಂದು ಬೆಲ್ಲದ ಚೂರು ಕೊಟ್ಟು ಕಳಿಸುತ್ತೇನೆ. ಆದರೆ ನನ್ನ ಸ್ವಂತ ಮಗಳ ಮಾತು ಬಂದರೆ ನಾಲಿಗೆ ತಾನಾಗಿಯೇ ಹೊರಳಿ ಬಿಡುತ್ತದೆ. ‘ನಿಮ್ಮ ಮಗಳು ಭಾಳ ಶ್ಯಾಣ್ಯಾಕಿ ಬಿಡ್ರಿ’ ಎಂದು ಯಾರಾದರೂ ಅಂದರೆ, ‘ಎಲ್ಲಿ ಶ್ಯಾಣ್ಯಾಕ್ರಿ, ಮಳ್ಳಿ ಅದು. ಒಂದು ಲೋಟ ನೆಟ್ಟಗ ತೊಳ್ಯಾಕ ಬರಲ್ಲ’ ಎನ್ನುತ್ತೇನೆ. ಇದು ವಿನಯವೆಂದು ತಿಳಿಯಬೇಡಿ, ಬರೀ ಭಯ. ಕಣ್ಣು ತಾಗುವುದಕ್ಕೆ ನಮ್ಮ ಕಡೆ ನೆದರು ಎನ್ನುತ್ತಾರೆ. ಹೆತ್ತ ಬಾಯಿಂದ ಹೊಗಳಿಕೆ ಬಂದರೆ ಮಕ್ಕಳಿಗೆ ನೆದರಾಗುತ್ತದೆಂದು ನನ್ನ ಅವ್ವ, ಅವಳ ಅವ್ವ, ಎಲ್ಲರೂ ನಂಬಿದವರು. ಈ ಹೀಗಳೆಯುವುದಕ್ಕೂ ಒಂದು ಕಟ್ಟಳೆ ಇದೆ. ನಾವು ಹೀಗಳೆದ ಕೂಡಲೇ ಎದುರಿನವರು ‘ಛೇ, ಹಂಗ ಅನಬ್ಯಾಡ್ರಿ, ಬಂಗಾರದಂಥಾ ಹುಡುಗಿ’ ಎಂದು ನಮ್ಮ ಮಾತನ್ನು ತಳ್ಳಿಹಾಕಬೇಕು. ನಾವು ಮತ್ತೊಮ್ಮೆ ಹೀಗಳೆಯಬೇಕು, ಅವರು ಮತ್ತೊಮ್ಮೆ ತಳ್ಳಬೇಕು. ಚಹಾ ಮುಗಿಯುವಷ್ಟರಲ್ಲಿ ಮಗುವಿನ ಗುಣಗಾನವೆಲ್ಲ ಪರರ ಬಾಯಿಂದಲೇ ಆಗಿರುತ್ತದೆ, ಪಾಪ ನಮಗೆ ತಟ್ಟಿರುವುದಿಲ್ಲ. ಇಂಥ ಚೊಕ್ಕ ವ್ಯವಸ್ಥೆಯಲ್ಲಿ ಹಾಯಾಗಿದ್ದ ನನ್ನನ್ನು ದೇವರು ಈ ವರ್ಷ ಒಂದು ಪರೀಕ್ಷೆಗೆ ಕೂರಿಸಿದ.

ನನ್ನ ಮಗಳು ಶಾಂಭವಿ ಎಂಟನೆಯ ತರಗತಿ ಮುಗಿಸಿದ್ದಳು. ಒಂದು ದಿನ ಊಟಕ್ಕೆ ಕುಳಿತಾಗ, ತಾನೊಂದು ಆನ್‌ಲೈನ್ ಹೈಸ್ಕೂಲಿಗೆ ಅರ್ಜಿ ಹಾಕಿದ್ದೇನೆಂದು ಉಪ್ಪು ಕೇಳಿದಷ್ಟೇ ಸಹಜವಾಗಿ ಹೇಳಿದಳು. ವಿಶೇಷ ಬುದ್ಧಿ ಇರುವ, ತಮ್ಮ ಓದನ್ನು ತಾವೇ ನಡೆಸಿಕೊಳ್ಳುವ ಮಕ್ಕಳಿಗಾಗಿಯೇ ಇರುವ ಶಾಲೆಯಂತೆ. ಯಾವ ಊರಿನಲ್ಲೂ ಇಲ್ಲ, ಎಲ್ಲ ಊರಿನಲ್ಲೂ ಇದೆ. ದೇವರ ಲಕ್ಷಣವೂ ಅದೇ ಆದ್ದರಿಂದ ನನಗೆ ಅದು ತಟ್ಟನೆ ಅರ್ಥವಾಯಿತು. ನಮ್ಮ ಮನೆಯವರಿಗೆ ಆಗಲಿಲ್ಲ. ಅವರು ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರದ ಅಂಗಡಿಯೊಂದರಲ್ಲಿ ಕೆಲಸ ಮಾಡುವವರು. ಮುಟ್ಟಿ ನೋಡದ ಸರಕನ್ನು ನಂಬುವುದಿಲ್ಲ.

‘ಕಟ್ಟಡ ಇಲ್ಲ, ಗಂಟಿ ಇಲ್ಲ, ಮಾಸ್ತರ ಎದುರಿಗಿಲ್ಲ. ಸಾಲಿ ಹೆಂಗಾದೀತದು?’ ಎಂದರು.

‘ಅಪ್ಪಾ, ಇರೋ ಸಾಲ್ಯಾಗ ಗಂಟಿ ಅದ, ಮಾಸ್ತರ ಅದಾರ. ನಾ ಒಂದು ಮಾತು ಕೇಳಿದ್ರ ಪರೀಕ್ಷಾಕ್ಕ ಬರಲ್ಲ, ಕುಂದ್ರು ಅಂತಾರ’ ಎಂದಳು ಶಾಂಭವಿ. ‘ನಂಗ ಕುಂತು ಕುಂತು ಸಾಕಾಗ್ಯದ.’

ಅವಳು ತಮಾಷೆಗೆ ಹೇಳಲಿಲ್ಲ. ಕಳೆದ ಒಂದು ವರ್ಷದಿಂದ ಹುಡುಗಿ ಶಾಲೆಯಿಂದ ಬಂದವಳು ಚೀಲವನ್ನು ಹೆಣಭಾರದಂತೆ ಇಳಿಸಿ ಗೋಡೆ ನೋಡುತ್ತಾ ಕೂರುತ್ತಿದ್ದಳು. ಮೊದಲು ದಿನವಿಡೀ ನನ್ನ ತಲೆ ತಿನ್ನುತ್ತಿದ್ದ ಬಾಯಿ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಗದ್ದಲ ಕಡಿಮೆಯಾಯಿತಲ್ಲ ಎಂದು ಮೊದಲ ವಾರ ದೇವರಿಗೆ ಕೈ ಮುಗಿದಿದ್ದೆ. ಆಮೇಲೆ ಆ ಮೌನ ನನಗೇ ಹೆದರಿಕೆ ಹುಟ್ಟಿಸಿತು. ಹಾಗಾಗಿ ಅವಳು ಅರ್ಜಿ ಹಾಕಿದ್ದಕ್ಕೆ ಒಳಗೊಳಗೇ ಖುಷಿಪಟ್ಟೆ. ಗೋಡೆಗಳೇ ಇಲ್ಲದ ಶಾಲೆ, ಆದರೆ ಅದರ ಬಾಗಿಲು ಮಾತ್ರ ಬಲು ಸಣ್ಣದು ಎಂಬುದು ಆಮೇಲೆ ತಿಳಿಯಿತು. ಅವಳು ಪ್ರಬಂಧ ಬರೆದಳು, ಪರೀಕ್ಷೆ ಕೊಟ್ಟಳು, ಎಲ್ಲ ದಾಟಿದಳು. ಕೊನೆಗೆ ಉಳಿದದ್ದು ಒಂದೇ ಮೆಟ್ಟಿಲು. ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಯಾರೋ ಅವರನ್ನು ಶಾಲೆಯವರು ವಿಡಿಯೋದಲ್ಲಿ ಮಾತಾಡಿಸುತ್ತಾರಂತೆ. ಮಗುವಿನ ವಿಶೇಷ ಏನೆಂದು ಅವರೇ ಬಾಯಿ ಬಿಟ್ಟು ಹೇಳಬೇಕಂತೆ.

‘ನಿಮ್ಮಪ್ಪನ್ನ ಕುಂದರಸವ್ವಾ’ ಎಂದೆ. ‘ಅವರು ಮಾರೋ ಮಂದಿ.’

‘ಖರೇ ಅದ’ ಎಂದರು ನಮ್ಮ ಮನೆಯವರು ಮೀಸೆಯ ಮೇಲೆ ಕೈ ಆಡಿಸಿ. ‘ಮಾಲು ಚೊಲೋ ಅದ ಅಂತ ಮಾರಾಂವ ಅನಬೇಕು. ಕೊಳ್ಳಾಂವ ಅಂತಾನೇನು? ನೀ ಹೋಗಿ ಮಳ್ಳಿ ಗಿಳ್ಳಿ ಅಂದೀ ಮತ್ತ!’

ಆದರೆ ದಿನವೆಲ್ಲ ಗಂಜಿನಲ್ಲಿರುವವರನ್ನು ಶಾಲೆಯವರು ಒಪ್ಪಲಿಲ್ಲ. ತಾಯಿಯೇ ಬೇಕೆಂದರು. ನನಗೆ ಕಮಲಾಪುರ ನೆನಪಾಯಿತು.

ಕಮಲಾಪುರ ನನ್ನ ತವರು. ಕೆಂಪು ಬಾಳೆಹಣ್ಣಿನ ಊರು. ನಮ್ಮ ಅಪ್ಪನಿಗೂ ಒಂದು ತುಂಡು ಬಾಳೆತೋಟವಿತ್ತು. ಗೊನೆ ಕೊಯ್ದು ತಂದ ದಿನ ಮನೆ ತುಂಬ ಒಂದು ತಂಪು ಹಸಿವಾಸನೆ. ಅವ್ವ ಕಾಯಿಗಳನ್ನು ಹಿಂದಿನ ಕೋಣೆಯಲ್ಲಿ ಹುಲ್ಲು ಮುಚ್ಚಿ ಹಣ್ಣಿಗಿಡುತ್ತಿದ್ದಳು. ಹುಲ್ಲಿನಲ್ಲೇ ಯಾಕೆ, ಬೇರೆ ಕಡೆ ಇಟ್ಟರೆ ಹಣ್ಣಾಗುವುದಿಲ್ಲವೇ ಎಂಬುದು ನನ್ನ ತಲೆಗೆ ಹೊಕ್ಕ ಹುಳ. ಒಂದು ಕಾಯಿಯನ್ನು ಜೋಳದ ಚೀಲದಲ್ಲಿ ಹುಗಿದೆ, ಒಂದನ್ನು ಬೇವಿನ ಸೊಪ್ಪಿನಲ್ಲಿ ಸುತ್ತಿದೆ, ಇನ್ನೊಂದನ್ನು ಅವ್ವನ ಟ್ರಂಕಿನಲ್ಲಿ, ಅವಳ ಮದುವೆಯ ಇಳಕಲ್ ಸೀರೆಯ ಮಡಿಕೆಯೊಳಗೆ ಬೆಚ್ಚಗೆ ಮಲಗಿಸಿದೆ. ಜೋಳದಲ್ಲಿದ್ದದ್ದು ಮೊದಲು ಹಣ್ಣಾಯಿತು. ಬೇವಿನದು ಆಮೇಲೆ. ಟ್ರಂಕಿನದನ್ನು ನಾನು ಮರೆತೇಬಿಟ್ಟೆ. ಅದು ತನ್ನ ಪಾಡಿಗೆ ಹಣ್ಣಾಗಿ, ಕೊಳೆತು, ಸೀರೆಯ ಸೆರಗಿನ ಮೇಲೆ ತನ್ನ ಹೆಸರು ಬರೆದು ಹೋಗಿತ್ತು. ಅವ್ವ ಆ ಸೀರೆ ಹಿಡಿದುಕೊಂಡು ‘ಹುಚ್ಚೀ, ನಿನ್ನ ಹೊಟ್ಟ್ಯಾಗ ಏನು ಹುಟ್ಟತದೋ’ ಎಂದು ಇಡೀ ಓಣಿಗೆ ಕೇಳುವಂತೆ ಬೈದಳು. ಸಂಜೆ ಮಾತ್ರ ಅಪ್ಪನಿಗೆ ‘ಕಾಯಿ ಜ್ವಾಳದಾಗ ಇಟ್ರ ಲಗೂ ಹಣ್ಣಾಗತಾವಂತ’ ಎಂದು ಗುಟ್ಟು ಹೇಳಿದಂತೆ ಹೇಳುತ್ತಿದ್ದಳು. ನಾನು ಮಾಡಿ ನೋಡಿದ್ದು ಎಂದು ಮಾತ್ರ ಹೇಳಲಿಲ್ಲ.

ಆ ವರ್ಷವೋ ಮರುವರ್ಷವೋ ನಮ್ಮ ಶಾಲೆಯ ಹೆಡ್‌ಮಾಸ್ತರರು ಮನೆಗೆ ಬಂದರು. ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಒಳ್ಳೆಯ ಮನುಷ್ಯ. ಹತ್ತನೆಯದು ಮುಗಿದ ಮೇಲೆ ನನ್ನನ್ನು ಕಲಬುರಗಿಯ ಹಾಸ್ಟೆಲಿನಲ್ಲಿಟ್ಟು ಕಾಲೇಜು ಓದಿಸಿರೆಂದು ಕೇಳಲು ಬಂದಿದ್ದರು. ‘ನಿಮ್ಮ ಮಗಳು ತುಂಬಾ ಬುದ್ಧಿವಂತೆ’ ಎಂದರು. ಅವ್ವ ಬಾಗಿಲ ಹಿಂದಿನಿಂದಲೇ, ‘ಎಲ್ಲಿದರಿ ಸರ, ದಡ್ಡಿ ಅದು. ಏನೂ ತಿಳ್ಯಂಗಿಲ್ಲ’ ಎಂದಳು. ಮಾಸ್ತರರು ‘ಹಂಗ ಅನಬ್ಯಾಡ್ರಿ’ ಎನ್ನಬೇಕಿತ್ತು. ಅನ್ನಲಿಲ್ಲ. ಅವರ ಊರಿನಲ್ಲಿ ತಾಯಂದಿರು ಹೇಳಿದ್ದನ್ನು ಹಾಗೇ ನಂಬುತ್ತಿದ್ದರೋ ಏನೋ. ‘ಓ, ಹಾಗಾ. ಮನೆಯವರಿಗೇ ಗೊತ್ತಿರುತ್ತೆ ಬಿಡಿ’ ಎಂದು ಚಹಾ ಮುಗಿಸಿ, ಒಂದು ಬಾಳೆಹಣ್ಣು ತಿಂದು, ನಮಸ್ಕಾರ ಮಾಡಿ ಎದ್ದುಬಿಟ್ಟರು. ಅವ್ವ ಹೊಸ್ತಿಲಿಗೆ ಬಂದು ನಿಂತಳು. ಅವರು ಓಣಿಯ ತಿರುವು ದಾಟುವತನಕ ನಿಂತೇ ಇದ್ದಳು. ಅವರು ತಿರುಗಿ ಬಂದು ಇನ್ನೊಮ್ಮೆ ಕೇಳುತ್ತಾರೆಂದು ಅವಳು ಕಾಯುತ್ತಿದ್ದಳೆಂದು ನನಗೆ ಆಗ ಗೊತ್ತಾಗಲಿಲ್ಲ. ನಾನು ನಿಜವಾಗಿಯೂ ದಡ್ಡಿಯೇ ಎಂದುಕೊಂಡು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದೆ. ಆಮೇಲೆ ಮದುವೆಯಾಯಿತು, ಕಲಬುರಗಿಗೆ ಬಂದೆ, ಸೇಡಂ ರಸ್ತೆಯ ಹಿಂದೊಂದು ಮನೆಯಾಯಿತು. ಸಿಡುಕದ ಗಂಡ, ಗಾಳಿ ಬರುವ ಅಡುಗೆಮನೆ, ಪೂಜೆಗೆ ಹಿತ್ತಲಲ್ಲೇ ಒಂದು ಬಿಲ್ವದ ಗಿಡ. ದೇವರು ಕೊಟ್ಟಿದ್ದಕ್ಕೆ ಕೊರತೆ ಹೇಳಲಾರೆ. ಆದರೂ ಆ ಮಾಸ್ತರರು ಇನ್ನೊಂದು ಹಣ್ಣು ತಿಂದು ಇನ್ನಷ್ಟು ಹೊತ್ತು ಕೂತಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಸಂದರ್ಶನದ ದಿನ ನಾನು ಮಿಂದು, ವಿಭೂತಿ ಹಚ್ಚಿ, ದೀಪ ಬೆಳಗಿ, ಲ್ಯಾಪ್‌ಟಾಪಿಗೂ ಒಂದಿಷ್ಟು ಕುಂಕುಮ ಇಟ್ಟು ಕುಳಿತೆ. ದೇವರು ದೊಡ್ಡವನು: ಕರೆಂಟಿತ್ತು, ನೆಟ್ಟಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಬಂದಿದ್ದರೆ ಯಾವ ಶಾಲೆಯಾದರೂ ಕಾಯಲಿ, ನಾನು ಕೊಡ ಹಿಡಿದು ಎದ್ದೇ ಹೋಗುತ್ತಿದ್ದೆ. ಮಕ್ಕಳು ಹತ್ತಿರ ಇರಬಾರದೆಂದು ನಿಯಮವಿದ್ದದ್ದರಿಂದ ಶಾಂಭವಿಯನ್ನು ಪಡಸಾಲೆಗೆ ಕಳಿಸಿದೆ. ನನ್ನ ಸಲುವಾಗಿ ಕನ್ನಡ ಬರುವ ಮೇಡಂ ಒಬ್ಬರನ್ನು ಕೂರಿಸಿದ್ದರು. ಬೆಂಗಳೂರಿನ ನಯವಾದ ಕನ್ನಡ.

‘ಹೇಳಿ ಅಮ್ಮ, ಶಾಂಭವಿಯಲ್ಲಿ ವಿಶೇಷ ಅಂತ ನಿಮಗೆ ಏನನ್ಸುತ್ತೆ?’

ಎರಡು ದಿನದಿಂದ ಉರು ಹೊಡೆದದ್ದೆಲ್ಲ ಎಲ್ಲಿಗೋ ಹೋಯಿತು. ನಾಲಿಗೆ ಹೊರಳಿತು. ‘ವಿಶೇಷ ಏನದರಿ ಮೇಡಂ, ಏನಿಲ್ಲ. ಎಲ್ಲಾ ಹುಡುಗ್ಯಾರ ಹಂಗೇ ಅದಾಳ’ ಎಂದು, ಅವರು ತಳ್ಳಿಹಾಕಲೆಂದು ಕಾದೆ.

‘ಸರಿ’ ಎಂದರು.

‘ಸ್ವಲ್ಪ ಮಳ್ಳೀನೇ ಅನ್ರಿ’ ಎಂದು ಇನ್ನೊಂದು ಅವಕಾಶ ಕೊಟ್ಟೆ.

‘ಓ, ಹೌದಾ. ತಾನಾಗೇ ಕೂತು ಓದ್ತಾಳಾ?’

‘ಎಲ್ಲಿ ಓದತಾಳ್ರಿ! ಅರ್ಧಾ ಮಾಡ್ತಾಳ, ಅರ್ಧಾ ಬಿಡ್ತಾಳ.’

‘ಆಯ್ತಮ್ಮ. ಪ್ರಾಮಾಣಿಕವಾಗಿ ಹೇಳಿದ್ರಿ, ಥ್ಯಾಂಕ್ಸ್. ನನ್ನ ಕಡೆಯಿಂದ ಇಷ್ಟೇ’ ಎಂದು ಆಕೆ ಮುಗುಳ್ನಕ್ಕು ಕೈ ಮುಂದೆ ಚಾಚಿದರು.

ಆ ಕೈ ಹೋಗುತ್ತಿರುವುದು ಯಾವ ಬಟನ್ನಿನ ಕಡೆಗೆಂದು ನನಗೆ ಗೊತ್ತಿತ್ತು. ಮಾಸ್ತರರು ಓಣಿಯ ತಿರುವಿಗೆ ಹೊರಟರು! ಹೊಸ್ತಿಲ ಮೇಲೆ ಈ ಸಲ ನಾನೇ ನಿಂತಿದ್ದೆ.

‘ಮೇಡಂ, ಹೋಗಬ್ಯಾಡ್ರಿ!’ ಎಂದು ಲ್ಯಾಪ್‌ಟಾಪಿನ ಎರಡೂ ಕಿವಿ ಹಿಡಿದು ಕೂಗಿಬಿಟ್ಟೆ. ‘ನೀವು ತಪ್ಪು ಮಾಡಾಕತ್ತೀರಿ. ನಾ ಹಂಗ ಅಂದಾಗ ನೀವು ಹಂಗ ಅನಬ್ಯಾಡ್ರಿ ಅನಬೇಕ್ರಿ!’

‘ಅಂದ್ರೆ?’ ಎಂದರು ಮೇಡಂ, ಗಾಬರಿಯಿಂದ.

ನೆದರಿನ ಸಂಗತಿಯನ್ನು ಮೊದಲಿನಿಂದ ಬಿಡಿಸಿ ಹೇಳಿದೆ. ‘ನಮ್ಮ ಕಡೆ ತಾಯಿ ಬೈದ್ಲು ಅಂದ್ರ ನಂಬಬಾರದ್ರಿ. ನೀವು ನಂಬಿ ಎದ್ದು ಹೊಂಟ್ರ ನನ್ನ ಮಗಳ ಗತಿ ಏನು?’ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಗಂಭೀರವಾಗಿ, ‘ಹಾಗನ್ನಬೇಡಿ ಅಮ್ಮ. ಬಂಗಾರದಂಥ ಹುಡುಗಿ’ ಎಂದರು. ಉಚ್ಚಾರ ನಮ್ಮದಲ್ಲ, ಆದರೂ ನಡೆಯಿತು.

‘ಯಾರೂ ಹೇಳಿಲ್ರಿ ಆಕೀಗಿ’ ಎಂದು ಶುರು ಮಾಡಿದೆ. ‘ಬ್ಯಾಸಿಗ್ಯಾಗ ಹಳೀ ಗಡಿಗಿ, ಹೊಸಾ ಗಡಿಗಿ, ಒದ್ದಿ ಅರಿಬಿ ಸುತ್ತಿದ ಗಡಿಗಿ, ಎಲ್ಲಾ ಮಾಳಿಗಿ ಮ್ಯಾಲೆ ಇಟ್ಟು ಯಾವುದರಾಗ ನೀರು ತಂಪಾಗತದ ಅಂತ ನೋಡಿದ್ಳು. ಕುಡಿಯೂ ನೀರೆಲ್ಲಾ ಮ್ಯಾಲೇ ಇತ್ತು, ನಾವು ಬಾಯಿ ಒಣಗಿಸಿಕೊಂಡು ಕೆಳಗ ಕುಂತಿದ್ವಿ. ರೋಜಾ ಓಣಿ ಕಡೆ ಹೋದಾಗ ಅಂಗಡಿ ಬೋರ್ಡ್ ಓದಾಕ ಬರಬೇಕಂತ ಅತ್ತರ ಮಾರೂ ಚಾಚಾನ ಕಡೆ ನಿಂತು ಉರ್ದು ಅಕ್ಷರ ಕಲತು ಬಂದಾಳ. ಆಕಿ ಕೇಳೂ ಮಾತಿಗಿ ನನ್ನ ಕಡೆ ಜವಾಬ ಇಲ್ರಿ. ಮೊದಲ ಸಿಟ್ಟು ಬರತಿತ್ತು. ಈಗ ಒಂದು ವರ್ಷ ಆತು, ಆಕಿ ಕೇಳೂದೇ ಬಿಟ್ಟಾಳ. ಮನಿ ಭಣಭಣ ಅಂತದ್ರಿ. ಆಕಿ ಮತ್ತ ಕೇಳಬೇಕು, ಅಷ್ಟೇ ನಂಗ ಬೇಕಾಗಿದ್ದು.’ ಉಸಿರು ತೆಗೆದುಕೊಂಡು, ದೇವರ ಕೋಣೆಯ ಕಡೆ ಒಮ್ಮೆ ನೋಡಿ, ಹೇಳಿಯೇಬಿಟ್ಟೆ: ‘ನನ್ನ ಮಗಳು ಭಾಳ ಶ್ಯಾಣ್ಯಾಕಿ ಅದಾಳ್ರಿ.’

ಪರದೆ ಆರಿದ ಮೇಲೆ ತಿರುಗಿ ನೋಡಿದರೆ, ಪಡಸಾಲೆಯಲ್ಲಿರಬೇಕಾದವಳು ಬಾಗಿಲಲ್ಲೇ ನಿಂತಿದ್ದಳು. ಮೂಗು ಕೆಂಪಾಗಿತ್ತು.

‘ಅವ್ವಾ, ಖರೇನೇ ಹಂಗ ಅನಕೊಂಡೀಯೇನ? ಇಷ್ಟು ದಿನಾ ನಂಗ ಯಾಕ ಹೇಳಿಲ್ಲ?’

‘ಹೋಗ್, ಬ್ಯಾಳಿ ಹೊತ್ತೀತು ನೋಡು’ ಎಂದೆ. ಬೇಳೆ ಆಗಲೇ ಹೊತ್ತಿತ್ತು.

ಕೆಲವು ದಿನಗಳ ಮೇಲೆ ಶಾಲೆಯಿಂದ ಮೇಲ್ ಬಂದಿತು. ಶಾಂಭವಿಗೆ ಸೀಟು ಸಿಕ್ಕಿತ್ತು. ನಮ್ಮ ಮನೆಯವರು ಮುಟ್ಟಿ ನೋಡಲಾಗದ ಶಾಲೆಗಾಗಿ ಕೈಯಲ್ಲಿ ಹಿಡಿಯಲಾಗದಷ್ಟು ಪೇಢೆ ತಂದರು. ಅದೇ ಸಂಜೆ ಹುಡುಗಿಗೆ ನೆಗಡಿ ಹಿಡಿದು ಮೈ ಬೆಚ್ಚಗಾಯಿತು. ನನಗೆ ಇದ್ದ ಧೈರ್ಯವೂ ಹೋಯಿತು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದೆ. ಇಳಿ ತೆಗೆದು, ಅಂದರೆ ಮಗುವಿಗೆ ನಿವಾಳಿಸಿ, ಬೆಂಕಿಗೆ ಹಾಕಿದಾಗ ಮೆಣಸಿನಕಾಯಿಯ ಘಾಟು ಬಂದರೆ ನೆದರಿಲ್ಲ. ಬರದಿದ್ದರೆ ನೆದರಾಗಿದೆ ಎಂದು ಲೆಕ್ಕ. ‘ಹೋದವರ ನೆದರು, ಬಂದವರ ನೆದರು’ ಎಂದು ಶುರು ಮಾಡುವಷ್ಟರಲ್ಲಿ ಮಗಳು ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿದಳು. ವರ್ಷದ ಮೇಲೆ ಅವಳ ಕಣ್ಣಿನಲ್ಲಿ ಆ ಹಳೆಯ ಕಿಡಿ ಕಂಡಿತು.

‘ಎಲ್ಲಾರದೂ ಕೂಡೇ ತೆಗದ್ರ ಯಾರ ನೆದರು ಅಂತ ಹೆಂಗ ಗೊತ್ತಾಗತದ ಅವ್ವಾ? ಒಬ್ಬೊಬ್ಬರದು ಬ್ಯಾರೆ ಬ್ಯಾರೆ ತೆಗಿ.’

ಸರಿ, ಒಲೆಯ ಮೇಲೆ ಹಂಚು ಕಾಯಿಸಿ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಮೆಣಸಿನಕಾಯಿ ಹಾಕಿದೆವು. ಎದುರು ಮನೆಯವರ ಮೆಣಸಿನಕಾಯಿಗೆ ಮನೆಯೆಲ್ಲ ಕೆಮ್ಮಿತು. ಪಾಪ, ಒಳ್ಳೆಯ ಜನ. ಅವಳ ಅಪ್ಪನದಕ್ಕೆ ಅವಳಪ್ಪನೇ ಸೀನುತ್ತಾ ಹೊರಗೆ ಓಡಿದರು.

‘ಈಗ ನಿಂದು’ ಎಂದಳು.

ಹಾಕಿದೆ. ಮೆಣಸಿನಕಾಯಿ ಕಪ್ಪಗಾಯಿತು, ಮುರುಟಿತು, ಸದ್ದಿಲ್ಲದೆ ಬೂದಿಯಾಯಿತು. ಘಾಟಿನ ಸುಳಿವೇ ಇಲ್ಲ.

‘ನಂಗ ಮೂಗು ಕಟ್ಟ್ಯಾದ, ಏನೂ ಗೊತ್ತಾಗವಲ್ದು’ ಎಂದಳು ಶಾಂಭವಿ. ‘ಬಂತೇನ ಅವ್ವಾ ಘಾಟು?’

ಶಿವನು ಕ್ಷಮಿಸಲಿ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಓಣಿಗೆಲ್ಲ ಕೇಳುವ ಹಾಗೆ ಕೆಮ್ಮಿದೆ.