ವಿಜ್ಞಾನಿಯ ಪೆಪ್ಪರಮಿಂಟು

ಎಲ್ಲದಕ್ಕೂ ಮೂಲ, ಮನೆ ನೋಡಲು ಬಂದ ದಿನ ಮೆಟ್ಟಿಲ ಮೇಲೆ ಹೆಂಡತಿ ಆಡಿದ ಒಂದು ಅರ್ಧ ಮಾತು.

"ನಮ್ಮನೆಯವರು ಉಪಗ್ರಹದ ಕಡೆ ಕೆಲಸ ಮಾಡ್ತಾರೆ," ಎಂದಿದ್ದಳು. ಉಪಗ್ರಹದಿಂದ ಟೀವಿ ತೋರಿಸುವ ಡಿಶ್ ಕಂಪನಿಯಲ್ಲಿ ಕೂತು, ಫೋನಿನಲ್ಲಿ ಗಿರಾಕಿಗಳ ಬೈಗುಳ ಕೇಳುವುದೇ ಆ ಕೆಲಸ ಎಂಬ ಉಳಿದರ್ಧವನ್ನು ಬಾಯಲ್ಲಿ ಹೊಂದಿಸಿಕೊಳ್ಳುವಷ್ಟರಲ್ಲಿ, ಮನೆ ಮಾಲೀಕರಾದ ನಿವೃತ್ತ ಹೆಡ್‌ಮಾಸ್ಟರು ಎರಡೂ ಕೈ ಮುಗಿದುಬಿಟ್ಟಿದ್ದರು.

"ವಿಜ್ಞಾನಿಗಳು! ಮೊದಲೇ ಹೇಳಬಾರದಾ ತಾಯಿ? ಸಿಕ್ಕಸಿಕ್ಕವರಿಗೆ ಮನೆ ಕೊಡೋನಲ್ಲ ನಾನು. ನಿಮಗೆ ಮೇಲಿನ ಮಹಡಿ. ಗಾಳಿ, ಬೆಳಕು, ಮೇಲಾಗಿ ಅವರಿಗೆ ಆಕಾಶವೂ ಹತ್ತಿರ!"

ಮನೆ ನಿಜಕ್ಕೂ ಚೆನ್ನಾಗಿತ್ತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇಬ್ಬರೂ ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡರು, ಅಷ್ಟೆ. ಅಂದಿನಿಂದ ಕಟ್ಟಡಕ್ಕೆಲ್ಲ ಅವನು 'ವಿಜ್ಞಾನಿ' ಆದ. ಮೆಟ್ಟಿಲಿಳಿಯುತ್ತ ಆಕಳಿಸಿದರೆ "ಪಾಪ, ರಾತ್ರಿಯೆಲ್ಲ ನಕ್ಷತ್ರ ನೋಡಿರಬೇಕು" ಎಂದು ಮರುಗುವವರು ಹುಟ್ಟಿಕೊಂಡರು. ವಿಜ್ಞಾನಿಯ ಮನೆಗೆ ಯಾವ ಕಂಪನಿಯ ಡಿಶ್ಶೋ ಅದೇ ನಮಗೂ ಇರಲಿ ಎಂದು ಎಲ್ಲರೂ ಹಾಕಿಸಿಕೊಂಡದ್ದರಿಂದ, ತಾರಸಿಯ ಮೇಲೆ ಡಿಶ್‌ಗಳು ಅಣಬೆಯ ಹಾಗೆ ಎದ್ದವು.

ಆ ಅಣಬೆಗಳಿಗೆ ಈಗ ಗ್ರಹಣ ಹಿಡಿದಿತ್ತು. ಊರಿನ ಚಾನೆಲಿನವರಿಗೂ ಡಿಶ್ ಕಂಪನಿಗೂ ಏನೋ ಜಟಾಪಟಿಯಾಗಿ, ಹಿಂದಿನ ದಿನದಿಂದ ಚಾನೆಲ್ ಇದ್ದ ಜಾಗದಲ್ಲಿ ಬರೀ ನೀಲಿ ಪರದೆ. ಅದರ ಮೇಲೆ 'ಈ ಚಾನೆಲ್ ಸದ್ಯಕ್ಕಿಲ್ಲ, ಚಾನೆಲಿನವರನ್ನೇ ಕೇಳಿ' ಎಂಬ ಬಿಳಿ ಅಕ್ಷರ. ಚಾನೆಲಿನವರನ್ನು ಕೇಳಿದರೆ 'ಡಿಶ್‌ನವರನ್ನೇ ಕೇಳಿ' ಎನ್ನುತ್ತಿದ್ದರು. ಅತ್ತೆ ಸೊಸೆಯ ಜಗಳದಲ್ಲಿ ಊಟ ತಪ್ಪಿದ ಗಂಡನಂತಾಗಿತ್ತು ನೋಡುವವರ ಪಾಡು.

ಬೆಳಗ್ಗೆ ಅವನು ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಬಾಗಿಲು ತೆರೆದ. ಎದುರಿಗೆ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡ ಕೆಳಮನೆಯ ಟೇಲರಮ್ಮ. ಅವಳ ಹಿಂದೆ ಹೆಡ್‌ಮಾಸ್ಟರು.

"ಅಣ್ಣಾ, ಇವತ್ತು ಅವಳಿಗೆ ನೆನಪು ಬರುತ್ತೆ!" ಎಂದಳು ಟೇಲರಮ್ಮ, ಬಾಗಿಲು ಪೂರ್ತಿ ತೆರೆಯುವ ಮೊದಲೇ.

"ಯಾರಿಗೆ?"

"ಸೀರಿಯಲ್ ಸೊಸೆಗೆ! ಮದುವೆ ಮಾರನೇ ದಿನ ಮೆಟ್ಟಿಲಿಂದ ಬಿದ್ದು ಗಂಡನ್ನೇ ಮರೆತಳಲ್ಲ, ಮಳೆ ಹೋಗಿ ಚಳಿ ಬಂದು ಚಳಿ ಹೋಗಿ ಬೇಸಿಗೆ ಬಂತು, ಇನ್ನೂ 'ನೀವ್ಯಾರು' ಅಂತಾನೇ ಇದಾಳೆ. ಇವತ್ತು ಏಳೂವರೆಗೆ ನೆನಪು ಬರುತ್ತೆ ಅಂತ ವಾರದಿಂದ ಹೇಳ್ತಾನೇ ಇದಾರೆ. ಇವತ್ತೇ ಈ ಹಾಳು ನೀಲಿ! ಹೊಟ್ಟೆ ಉರಿಯಲ್ವಾ?"

"ನಾನೇನೂ ಸೀರಿಯಲ್ ಗೀರಿಯಲ್ ನೋಡೋನಲ್ಲ," ಎಂದರು ಹೆಡ್‌ಮಾಸ್ಟರು. "ನನಗೆ ಬೇಕಾಗಿರೋದು ಊರಿನ ಸುದ್ದಿ. ಆದರೂ ಆ ಹುಡುಗನ ಮುಖ ನೋಡಿದ್ರೆ ಕರುಳು ಚುರ್ ಅನ್ನುತ್ತೆ. ಕಟ್ಟಿಕೊಂಡ ಹೆಂಡತೀನೇ 'ತಟ್ಟೆ ತೊಳೆಯೋಕೆ ಬಂದವನಾ' ಅಂತ ಕೇಳಿದ್ರೆ ಯಾವ ಗಂಡಸು ತಡ್ಕೋತಾನೆ? ಉಪಗ್ರಹ ನಿಮ್ಮ ಕೈಯಲ್ಲೇ ಇರೋದಲ್ವಾ? ಒಂಚೂರು ನಮ್ಮ ಕಡೆ ತಿರುಗಿಸಿಬಿಡಿ."

"ಅದು ಹಾಗೆಲ್ಲ ತಿರುಗೋದಲ್ಲ ಸಾರ್..."

"ಮುಂದಿನ ತಿಂಗಳು ಮನೆ ಕರಾರು ಹೊಸದು ಮಾಡಬೇಕಲ್ವಾ?" ಹೆಡ್‌ಮಾಸ್ಟರು ಗೋಡೆಯ ಸುಣ್ಣವನ್ನು ಪ್ರೀತಿಯಿಂದ ಸವರಿದರು. "ಈ ಮನೆ ಯಾರ್ಯಾರೋ ಕೇಳ್ತಾ ಇದಾರೆ. ವಿಜ್ಞಾನಿಗಳಿದಾರೆ, ಕೊಡಲ್ಲ ಅಂತ ನಾನೇ ಅಂದಿದೀನಿ."

ನೊರೆ ಗುಟುಕ್ಕನೆ ಗಂಟಲಿಗಿಳಿಯಿತು. "ನೋಡ್ತೀನಿ ಸಾರ್," ಎಂದ.

ಆ 'ನೋಡ್ತೀನಿ' ಒಂದು ಮಹಡಿ ಇಳಿಯುವಷ್ಟರಲ್ಲಿ 'ಮಾಡ್ತೀನಿ' ಆಯಿತು. ಅವನು ಸ್ನಾನ ಮುಗಿಸಿ ಗೇಟಿಗೆ ಬರುವಷ್ಟರಲ್ಲಿ 'ಆಗ್ಹೋಯ್ತಂತೆ' ಆಗಿತ್ತು.

ಆಫೀಸಿನಲ್ಲಿ ಫೋನುಗಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದವು. ಅಲ್ಲಿನ ನಿಯಮಗಳು ಸರಳ. ಯಾರು ಎಷ್ಟು ಬೈದರೂ ತಿರುಗಿ ಬೈಯಬಾರದು. ಚಾನೆಲ್ ಇಂಥ ಹೊತ್ತಿಗೆ ಬರುತ್ತದೆ ಎಂದು ಮಾತು ಕೊಡಬಾರದು. ಪ್ರತಿ ಕರೆಯನ್ನೂ 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದೇ ಮುಗಿಸಬೇಕು. ಅವನಿಗೆ ಇದೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಹೆಂಡತಿ "ತರಕಾರಿ ಯಾಕೆ ತರಲಿಲ್ಲ?" ಎಂದು ರೇಗಿದರೂ "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದುಬಿಡುತ್ತಿದ್ದ. ನಿಯಮ ಮುರಿದವರನ್ನು ಹಿಡಿಯಲು ಸೂಪರ್‌ವೈಸರಮ್ಮ ಇದ್ದರು. ಹೆಜ್ಜೆ ಸಪ್ಪಳವಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುವ ಅವರಿಗೆ ಎಲ್ಲರೂ ಇಟ್ಟ ಹೆಸರು 'ಬೆಕ್ಕು'.

ಕರೆ ಬಂದಾಗ ಎದುರಿನ ಪರದೆಯ ಮೇಲೆ ಗಿರಾಕಿಯ ವಿಳಾಸ ಮೂಡುತ್ತದೆ. ಚಹಾದ ವಿರಾಮಕ್ಕೆ ಸ್ವಲ್ಪ ಮೊದಲು ಮೂಡಿದ ವಿಳಾಸವನ್ನು ಅವನು ಎರಡೆರಡು ಸಲ ಓದಿದ. ಅವನದೇ ಕಟ್ಟಡ, ಮೊದಲ ಮಹಡಿ. ಧ್ವನಿ ಗುರುತು ಸಿಕ್ಕಿದರೆ ಮೇಲಿನ ಮನೆ ಹೋಯಿತು! ಗಂಟಲು ಒಣಗದಿರಲೆಂದು ಮೇಜಿನ ಮೇಲಿಟ್ಟಿದ್ದ ಪೆಪ್ಪರಮಿಂಟುಗಳಲ್ಲಿ ಎರಡನ್ನೆತ್ತಿ, ಒಂದೊಂದು ಕೆನ್ನೆಗೆ ಒಂದೊಂದು ತುರುಕಿಕೊಂಡು ಹಲೋ ಎಂದ.

"ಏನಪ್ಪಾ, ಹಲ್ಲು ಕಿತ್ತಿಸ್ಕೊಂಡು ಬಂದಿದೀಯಾ?" ಎಂದಳು ಟೇಲರಮ್ಮ.

"ಇಲ್ಲ ಮೇಡಂ. ಹೇಳಿ, ಏನು ಸಮಸ್ಯೆ?"

"ಸಮಸ್ಯೆ ನಿನ್ನ ಕಂಪನೀನೇ! ಬೆಳಗ್ಗಿಂದ ಕೈ ನಡುಗಿ ಗಿರಾಕಿ ರವಿಕೆಗೆ ಎರಡೂ ಎಡ ತೋಳೇ ಹೊಲಿದಿದೀನಿ. ಅದಕ್ಕೆ ಯಾರು ಜವಾಬ್ದಾರಿ?"

ಎಡ ತೋಳಿಗೆ ಯಾವ ನಿಯಮವೂ ಇರಲಿಲ್ಲ. ಅವನು ವಿಷಾದಿಸಿದ. ಅವಳು ಫೋನು ಕುಕ್ಕಿದಳು. ಪೆಪ್ಪರಮಿಂಟು ಕರಗುವ ಮೊದಲೇ ಇನ್ನೊಂದು ಕರೆ. ಅದೇ ಕಟ್ಟಡ, ನೆಲಮಹಡಿ.

"ನಾನು ನಿವೃತ್ತ ಮುಖ್ಯೋಪಾಧ್ಯಾಯ ಮಾತಾಡ್ತಾ ಇರೋದು. ಎದ್ದು ನಿಂತ್ಕೊಂಡು ಮಾತಾಡು!"

ಅವನು ನಿಜಕ್ಕೂ ಎದ್ದು ನಿಂತ.

"ನಮ್ಮ ಕಟ್ಟಡದಲ್ಲಿ ಯಾರಿದಾರೆ ಗೊತ್ತೇನಯ್ಯಾ? ದೊಡ್ಡ ವಿಜ್ಞಾನಿ! ಅವರು ಮನಸ್ಸು ಮಾಡಿದ್ರೆ ನಿಮ್ಮ ಉಪಗ್ರಹಾನ ಮಾವಿನಕಾಯಿ ಥರ ಕೆಡವ್ತಾರೆ."

"ಹಾಗೆ ಮಾಡಬೇಡಿ ಅಂತ ಅವರಿಗೆ ನಮ್ಮ ವಿನಂತಿ ತಿಳಿಸಿ ಸಾರ್."

"ನಾನ್ಯಾಕೆ ತಿಳಿಸಲಿ? ನೀನೇ ಮಾತಾಡು. ಇರು, ಮೊಬೈಲಲ್ಲಿ ಅವರಿಗೆ ಹಚ್ತೀನಿ. ಇದು ಮನೆ ಫೋನು, ಹಾಗೇ ಇರುತ್ತೆ. ನೀನು ಕೆಳಗಿಡಬೇಡ!"

ಅವನು ಬೇಡವೆನ್ನುವಷ್ಟರಲ್ಲಿ ಜೇಬಿನಲ್ಲಿದ್ದ ಅವನ ಮೊಬೈಲ್ ಕುಣಿಯತೊಡಗಿತು. ಎತ್ತದಿದ್ದರೆ ವಿಜ್ಞಾನಿಯ ಮರ್ಯಾದೆ ಹೋಗುತ್ತದೆ, ಎತ್ತಿದರೆ ಜೀವವೇ ಹೋಗುತ್ತದೆ. ಗೋಡೆಯ ಕಡೆ ತಿರುಗಿ, ಪೆಪ್ಪರಮಿಂಟು ಅಂಗೈಗೆ ಉಗಿದು, ಮೊಬೈಲ್ ಎತ್ತಿದ.

"ವಿಜ್ಞಾನಿಗಳೇ, ಆ ಡಿಶ್‌ನವನನ್ನ ಹಿಡಿದಿಟ್ಟಿದೀನಿ," ಎಂದರು ಹೆಡ್‌ಮಾಸ್ಟರು ಈ ಕಿವಿಯಲ್ಲೂ ಆ ಕಿವಿಯಲ್ಲೂ. "ಎರಡೂ ಫೋನನ್ನ ಮುಖಾಮುಖಿ ಹಿಡಿದು ಸ್ಪೀಕರ್ ಹಾಕ್ತೀನಿ. ಕಟ್ಟಡದವರೆಲ್ಲ ಇಲ್ಲೇ ಇದಾರೆ. ಬಿಡಬೇಡಿ, ಚೆನ್ನಾಗಿ ಉಗೀರಿ!"

ಹುಟ್ಟಿದ ಮೇಲೆ ಇಂಥ ಗಳಿಗೆ ಅವನಿಗೆ ಬಂದಿರಲಿಲ್ಲ. ಮೊಬೈಲಿಗೆ ಬಾಯಿಟ್ಟು ಗಂಭೀರವಾಗಿ, "ಏನ್ರೀ, ಇದೇನಾ ನೀವು ಕೆಲಸ ಮಾಡೋ ರೀತಿ?" ಎಂದ. ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು ಹೆಡ್‌ಫೋನಿನ ಮೈಕಿಗೆ, "ಕ್ಷಮಿಸಿ ಸಾರ್," ಎಂದ. ಉಗಿದು, "ಕ್ಷಮೆ ಯಾರಿಗೆ ಬೇಕು? ಚಾನೆಲ್ ಕೊಡ್ರಿ!" ಎಂದ. ಹಾಕಿಕೊಂಡು, "ನಮ್ಮ ಕೈಲೇನಿದೆ ಸಾರ್, ಚಾನೆಲಿನವರನ್ನ ಕೇಳಿ," ಎಂದ. ಆ ಉತ್ತರ ಕೇಳಿ ಅವನಿಗೇ ಮೈ ಉರಿಯಿತು. ಇಷ್ಟು ವರ್ಷ ತಾನು ಕೊಡುತ್ತ ಬಂದ ಉತ್ತರ ಇಷ್ಟು ದರಿದ್ರವಾಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. "ಮುಚ್ಚಯ್ಯ ಬಾಯಿ!" ಎಂದು ನಿಜವಾದ ಸಿಟ್ಟಿನಿಂದ ಗುಡುಗಿದ. "ಏಳೂವರೆಯೊಳಗೆ ಚಾನೆಲ್ ಬರಲಿಲ್ಲವೋ, ನಾನು ಸುಮ್ಮನಿರೋನಲ್ಲ!"

ಹೆಡ್‌ಫೋನಿನಲ್ಲಿ ಕಟ್ಟಡದವರ ಚಪ್ಪಾಳೆ ಕೇಳಿಸಿತು. ಆ ಹುರುಪಿನಲ್ಲಿ ಎರಡೂ ಪೆಪ್ಪರಮಿಂಟನ್ನು ಮತ್ತೆ ಕೆನ್ನೆಗೆ ತುರುಕಿ, "ಖಂಡಿತ ಸಾರ್! ಏಳೂವರೆಗೆ ಬಂದೇ ಬರುತ್ತೆ. ನಿಮ್ಮ ಕರೆ ನಮಗೆ ಅಮೂಲ್ಯ!" ಎಂದುಬಿಟ್ಟ.

ತಿರುಗಿದರೆ ಬೆನ್ನ ಹಿಂದೆ ಬೆಕ್ಕು.

ಅವರ ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಒಬ್ಬಾತ. "ಬೆಳಗ್ಗಿಂದ ಜಾಸ್ತಿ ಕರೆ ತಗೊಂಡಿರೋರು ಇವರೇ," ಎಂದರು ಸೂಪರ್‌ವೈಸರಮ್ಮ ಆತನಿಗೆ. ಬಾಯಿ ತೆರೆದು ಏನಾದರೂ ಹೇಳುವ ಮೊದಲೇ ಬೆಳಕು ಮಿಂಚಿತು. ಕೆನ್ನೆಯುಬ್ಬಿದ, ಕಣ್ಣು ಹೊರಬಿದ್ದ, ಹೆಡ್‌ಫೋನು ವಾರೆಯಾದ ಅವನ ಮುಖ ಕ್ಯಾಮೆರಾದೊಳಗೆ ಸೇರಿತು.

"ಫೋಟೋ ಯಾಕೆ ಮೇಡಂ?"

"ಮೇಲಿನವರು ಕೇಳಿದಾರೆ. ಯಾಕೆ ಅಂತ ನನಗೂ ಹೇಳಿಲ್ಲ. ಏಳೂವರೆಗೆ ಬರುತ್ತೆ ಅಂತ ಯಾರಿಗೋ ಮಾತು ಕೊಟ್ಟಿರಲ್ಲ, ಅದರ ವಿಚಾರ ನಾಳೆ ಮಾತಾಡೋಣ."

ಕೆಲಸದಿಂದ ತೆಗೆಯುವ ಮೊದಲು ಫೋಟೋ ಹಿಡಿಯುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಕಳ್ಳರದ್ದು ಹಿಡಿಯುತ್ತಾರೆ, ತನ್ನದೂ ಹಿಡಿದಿರಬೇಕು ಎಂದುಕೊಂಡ. ದವಡೆ ನೋವಿನೊಂದಿಗೆ ಸಂಜೆ ಮನೆಗೆ ಬಂದರೆ ಹೆಂಡತಿ ಆಗಲೇ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

"ನೀವು ಏಳೂವರೆ ಅಂದಿದ್ದನ್ನ ನಾನೂ ಸ್ಪೀಕರಲ್ಲಿ ಕೇಳಿದೆ," ಎಂದಳು. "ಇಬ್ಬರೂ ನೀವೇ ಅಂತ ನನಗೆ ಗೊತ್ತಾಗಲ್ವಾ? ಕೆಳಗೆ ಕರೀತಿದಾರೆ, ಹೋಗೋಣ ಬನ್ನಿ. ಬರೋವಾಗ ಇನ್ನೆರಡು ಪೆಟ್ಟಿಗೆ ಕೇಳ್ಕೊಂಡು ಬರೋಣ."

ಹೆಡ್‌ಮಾಸ್ಟರ ಹಜಾರದಲ್ಲಿ ಕಟ್ಟಡವೇ ನೆರೆದಿತ್ತು. ನೀಲಿ ಪರದೆಯೆದುರು ಎಲ್ಲರ ಮುಖವೂ ನೀಲಿ. ಒಳ್ಳೆಯ ಕುರ್ಚಿಯನ್ನು ಅವನಿಗೆಂದೇ ಬಿಟ್ಟಿದ್ದರು. ಬಲಿಗೆ ಕಟ್ಟಿದ ಕುರಿಯಂತೆ ಕೂತ. ಗೋಡೆ ಗಡಿಯಾರದ ಮುಳ್ಳು ತೆವಳಿತು. ಏಳೂವರೆ.

ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಮರುಕ್ಷಣ ಬಣ್ಣ, ಸಂಗೀತ, ಸೀರಿಯಲ್ಲಿನ ದೊಡ್ಡ ಮನೆ!

ಹಜಾರದಲ್ಲಿ ಎದ್ದ ಕೂಗಿಗೆ ಕಿಟಕಿಯ ಗಾಜು ನಡುಗಿತು. ಅವನಂತೂ ಎಲ್ಲರಿಗಿಂತ ಹೆಚ್ಚು ಬೆರಗಾಗಿ ಕೂತಲ್ಲೇ ಕಲ್ಲಾದ. ಟೇಲರಮ್ಮ ಅಳತೆಪಟ್ಟಿಯನ್ನೇ ಹಾರದಂತೆ ಅವನ ಕೊರಳಿಗೆ ಹಾಕಿದಳು. ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು, "ಮೇಲಿನ ಮನೆ ನಿಮಗೆ ಬೇಕಾದಷ್ಟು ವರ್ಷ ಇಟ್ಕೊಳ್ಳಿ. ಇದು ನನ್ನ ಮಾತು!" ಎಂದು ಘೋಷಿಸಿದರು. ಹೆಂಡತಿ ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದಂತೆ ಅವನನ್ನು ನೋಡಿದಳು.

"ಶ್... ಶ್... ಕಣ್ಣು ಬಿಟ್ಟಳು!" ಎಂದರು ಯಾರೋ.

ಸೊಸೆ ಕಣ್ಣು ಬಿಟ್ಟಳು. ಗಂಡನನ್ನು ದಿಟ್ಟಿಸಿದಳು. ತುಟಿ ನಡುಗಿತು. "ನೀವು... ನೀವು..."

ಜಾಹೀರಾತು.

ತೆರೆಯ ತುಂಬ ಒಂದು ಮುಖ. ಉಬ್ಬಿದ ಕೆನ್ನೆ, ಹೊರಬಿದ್ದ ಕಣ್ಣು, ವಾರೆಯಾದ ಹೆಡ್‌ಫೋನು. ಕೆಳಗೆ ದಪ್ಪ ಅಕ್ಷರ: 'ಚಾನೆಲ್ ಮರಳಿದೆ! ನಿಮ್ಮ ದೂರುಗಳನ್ನೆಲ್ಲ ಕೇಳಿದ ನಮ್ಮ ಫೋನ್ ಸಿಬ್ಬಂದಿಯ ಕಿವಿಗಳಿಗೆ ವಂದನೆ.'

ಟೇಲರಮ್ಮ ಮೆಲ್ಲಗೆ ತಿರುಗಿದಳು. "ನೀವು... ನೀವು...?"

ಅವನು ಎದ್ದು ನಿಂತ. ಹೇಳಬೇಕಾದ್ದು ನೂರಿತ್ತು. ಬಾಯಿಂದ ಬಂದದ್ದು ಒಂದೇ: "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

"ಅಂದ್ರೆ," ಹೆಡ್‌ಮಾಸ್ಟರು ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು, "ಬೆಳಗ್ಗೆ ಫೋನಲ್ಲಿ ನಿಮ್ಮನ್ನ ನೀವೇ ಬೈಕೊಂಡ್ರಾ?"

"ಹೌದು ಸಾರ್."

"ಹ್ಞೂಂ. ಬೈದಿದ್ದು ಚೆನ್ನಾಗಿತ್ತು." ಅವರು ಮೀಸೆ ನೇವರಿಸುತ್ತ ಬಹಳ ಹೊತ್ತು ಯೋಚಿಸಿದರು. ಹೆಂಡತಿ ರಟ್ಟಿನ ಪೆಟ್ಟಿಗೆಗಾಗಿ ಸುತ್ತ ಕಣ್ಣಾಡಿಸಿದಳು. "ನೋಡಿ, ವಿಜ್ಞಾನಿ ಇಟ್ಕೊಂಡು ನಮಗೇನು ಉಪಯೋಗ? ಇಷ್ಟು ದಿನದಲ್ಲಿ ಒಂದು ನಕ್ಷತ್ರಾನೂ ತೋರಿಸಲಿಲ್ಲ. ಆದರೆ ದೂರು ಕೇಳೋನು ಮನೇಲೇ ಸಿಕ್ಕೋದು ಅಂದ್ರೆ ಪುಣ್ಯ! ಆ ಫೋನಲ್ಲಿ ಸಂಗೀತ ಕೇಳ್ತಾ ಕಾದು ಕಾದು ಕಿವಿ ಸವೆದಿದೆ. ನೀವು ಎಲ್ಲೂ ಹೋಗಬೇಡಿ."

ಅವನ ಹೋದ ಜೀವ ಮರಳಿತು. "ಹಾಗಾದ್ರೆ ಮೇಲಿನ ಮನೆ..."

"ಮೇಲಿನ ಮನೆ ಯಾಕೆ? ದೂರು ಹೇಳೋಕೆ ಅಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ? ಗೇಟಿನ ಪಕ್ಕ ನೀರಿನ ಪಂಪಿನ ಕೋಣೆಗೆ ಅಂಟ್ಕೊಂಡು ಒಂದು ಮನೆ ಖಾಲಿ ಇದೆ. ಕಿಟಕಿ ಒಂದೇ, ಆದರೆ ದೊಡ್ಡದು. ಜನ ಹೊರಗಿಂದಾನೇ ನಿಂತು ಮಾತಾಡಬಹುದು. ನಾಳೆ ಸಾಮಾನು ಇಳಿಸಿ."

"ಸಾಮಾನು ಕಟ್ಟಿಯಾಗಿದೆ," ಎಂದಳು ಹೆಂಡತಿ, ಸೋತ ದನಿಯಲ್ಲಿ.

ಅಷ್ಟರಲ್ಲಿ ಟೇಲರಮ್ಮ ಕಿಟಾರನೆ ಕಿರುಚಿದಳು. ಎಲ್ಲರೂ ತೆರೆಯತ್ತ ತಿರುಗಿದರು. ಸೊಸೆ ಗಂಡನ ಎದೆಗೊರಗಿ ಸುಖವಾಗಿ ನಗುತ್ತಿದ್ದಳು; ಅವಳ ಮೇಲೆ ಕೊನೆಯ ಹೆಸರುಗಳು ಸರಸರ ಓಡುತ್ತಿದ್ದವು.

"ಅಯ್ಯಯ್ಯೋ! ನೆನಪು ಬಂದು ಹೋಯ್ತು! ಇವರ ಮುಖ ನೋಡ್ತಾ ನೋಡ್ತಾ ಎಲ್ಲಾ ಮುಗಿದೇ ಹೋಯ್ತು!"

ಹಜಾರದ ಅಷ್ಟೂ ಕಣ್ಣುಗಳು ಒಟ್ಟಿಗೆ ಅವನ ಮೇಲೆ ಬಿದ್ದವು. ಸೀರಿಯಲ್ ಗೀರಿಯಲ್ ನೋಡದ ಹೆಡ್‌ಮಾಸ್ಟರೇ ಎಲ್ಲರಿಗಿಂತ ಮುಂದೆ ಬಂದು, ಟೇಲರಮ್ಮನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಸಾಲಿನಲ್ಲಿ ಮೊದಲಿಗರಾಗಿ ನಿಂತರು.

"ನನ್ನ ದೂರು ಬರ್ಕೊಳ್ಳಯ್ಯಾ!"

ಅವನು ಜೇಬಿಗೆ ಕೈ ಹಾಕಿದ. ಒಂದೇ ಒಂದು ಪೆಪ್ಪರಮಿಂಟು ಉಳಿದಿತ್ತು. ಅದನ್ನು ಕೆನ್ನೆಯೊಳಗಿಟ್ಟುಕೊಂಡು, ಒಳ್ಳೆಯ ಕುರ್ಚಿಯನ್ನು ಬಿಟ್ಟು, ಪಕ್ಕದಲ್ಲಿದ್ದ ಮರದ ಸ್ಟೂಲಿನ ಮೇಲೆ ಕೂತ.

"ಹೇಳಿ ಸಾರ್," ಎಂದ. "ನಿಮ್ಮ ಕರೆ ನಮಗೆ ಅಮೂಲ್ಯ."